ಅರೆಯುವ ಕಲ್ಲಿಗೆ ಹೇಳಿದ್ದು

ತೂಕದ ಮಿಷನ್ ಹತ್ತಿ ನಿಂತಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಉಸಿರಿಗೂ ಒಂದಿಷ್ಟು ತೂಕವಿದ್ದರೆ ಅಷ್ಟಾದರೂ ಕಮ್ಮಿಯಾಗಲಿ ಎಂಬ ಆಸೆ. ಎಪ್ಪತ್ತೆಂಟು. ಇಳಿದು, ಅಂಗಾಲಿನ ಮರಳು ಒರೆಸಿಕೊಂಡು ಮತ್ತೆ ಹತ್ತಿದೆ. ಎಪ್ಪತ್ತೆಂಟೇ.

“ಎಷ್ಟ್ ಬಂತೇ?” ಒಳಕೋಣೆಯಿಂದ ಅಮ್ಮ ಕೇಳಿದಳು.

“ಅಷ್ಟೇ ಇತ್ತ್.”

“ಮಿಷನ್ ಹಾಳಾಯಿತ್ ಕಾಣತ್ತ್.”

“ಮಿಷನ್ ಹಾಳಾದ್ದಲ್ಲ, ನಾನ್ ಹಾಳಾದ್ದ್.”

ಅಮ್ಮ ನಕ್ಕಳು. ಅವಳ ನಗು ಮಾತ್ರ ಮೊದಲಿನ ಹಾಗೆಯೇ ಉಳಿದಿತ್ತು. ಕಣ್ಣು ಅರಿಸಿನ ಅದ್ದಿದಂತಾಗಿತ್ತು. ಕೈಕಾಲು ಕಡ್ಡಿಯಾಗಿ ಹೊಟ್ಟೆಯಲ್ಲಿ ಮಾತ್ರ ನೀರು ತುಂಬಿಕೊಳ್ಳುತ್ತಿತ್ತು. ನಾನು ಓಡಿ, ಬೆವರಿ, ಹಸಿದು ಇಳಿಸಲಾರದ್ದನ್ನು ಅವಳು ಹಾಸಿಗೆಯಲ್ಲಿ ಮಲಗಿಯೇ ಇಳಿಸಿಕೊಳ್ಳುತ್ತಿದ್ದಳು.

ಅಮ್ಮನ ಲಿವರ್ ಸೋತುಹೋಗಿತ್ತು. ಯಾವುದೋ ಹಳೆಯ ವೈರಸ್ಸು ಎಂದು ಡಾಕ್ಟರು ಹೇಳಿದರು. ಊರಿನ ಒಂದಿಬ್ಬರು ಮಾತ್ರ “ಗಿರಿಜಕ್ಕ ಗುಟ್ಟಂಗೆ ಕುಡೀತಿದ್ರಾ ಎಂತದಾ?” ಎಂದು ಕೇಳಿಯೂ ಬಿಟ್ಟರು. ಯಾರಾದರೂ ತಮ್ಮ ಲಿವರಿನ ಒಂದು ತುಂಡು ಕೊಟ್ಟರೆ ಬದುಕುತ್ತಾಳೆ, ಕೊಟ್ಟವರ ಲಿವರು ಮತ್ತೆ ಬೆಳೆಯುತ್ತದೆ ಎಂದಾಗ ನನಗೆ ಅದು ಅಮ್ಮನ ತಾಯಿ, ನಮ್ಮ ಅಮ್ಮಮ್ಮ, ಹೇಳುತ್ತಿದ್ದ ಕಥೆಯ ಹಾಗೇ ಕೇಳಿಸಿತು. ಕೊಯ್ದಷ್ಟೂ ಚಿಗುರುವ ಬಳ್ಳಿ ನನ್ನ ಹೊಟ್ಟೆಯೊಳಗೇ ಇದೆ! ನಾನು ಒಬ್ಬಳೇ ಮಗಳು. ರಕ್ತದ ಗುಂಪೂ ಹೊಂದಿತು. ಆದರೆ ಸ್ಕ್ಯಾನಿಂಗ್ ನೋಡಿದ ಡಾಕ್ಟರು ತಲೆಯಾಡಿಸಿದರು.

“ನಿಮ್ಮ ಲಿವರಿನಲ್ಲಿ ಕೊಬ್ಬು ತುಂಬಿದೆ ರಮಿತಾ. ಹೀಗೇ ತೆಗೆದರೆ ನಿಮಗೂ ಅಪಾಯ, ತಾಯಿಗೂ ಪ್ರಯೋಜನವಿಲ್ಲ. ಒಂದು ಹತ್ತು ಕಿಲೋ ಇಳಿಸಿಕೊಂಡು ಬನ್ನಿ. ಬೇಗ.”

ಅಮ್ಮ ಅಲ್ಲಿಯೇ ಕೈ ಮುಗಿದಿದ್ದಳು. “ಬ್ಯಾಡ ಡಾಕ್ಟ್ರೇ. ಮದಿ ಆಯ್ಕಾದ್ ಹೆಣ್ಣ್. ಅದ್ರ ಹೊಟ್ಟಿ ಕೊಯ್ಯುದ್ ಬ್ಯಾಡ.”

ಅವಳ ಭಯಕ್ಕೆ ಕಾರಣವಿತ್ತು. ನಮ್ಮ ಅಪ್ಪಯ್ಯ, ಕೃಷ್ಣಯ್ಯ, ಹರ್ನಿಯಾದ ಸಣ್ಣ ಆಪರೇಷನ್ನಿಗೆಂದು ನಡೆದುಕೊಂಡೇ ಒಳಗೆ ಹೋದವರು. ಚಪ್ಪಲಿಯನ್ನು ಅಮ್ಮನ ಕೈಗೆ ಕೊಟ್ಟು, “ಹಿಡ್ಕೋ, ಈಗ ಬತ್ತೆ” ಎಂದಿದ್ದರಂತೆ. ಹೃದಯ ನಿಂತುಹೋಯಿತು. ಯಾರದೂ ತಪ್ಪಿರಲಿಲ್ಲ. ಅಮ್ಮ ಆ ಚಪ್ಪಲಿ ಹಿಡಿದುಕೊಂಡೇ ಮನೆಗೆ ಬಂದಿದ್ದಳು.

ನಾನೂ ಹಟ ಹಿಡಿದೆ. ಊಟ ಬಿಟ್ಟೆ, ಮಾತು ಬಿಟ್ಟೆ. ಕೊನೆಗೊಂದು ಸಂಜೆ ಅಮ್ಮ, “ಆಯ್ತ್ ಮಗಾ, ನಿನ್ ಇಷ್ಟ” ಎಂದಳು. ಇಷ್ಟು ಸುಲಭಕ್ಕೆ ಒಪ್ಪಿದಳಲ್ಲ ಎಂದು ಅವತ್ತು ಕುಣಿದಾಡಿದ್ದೆ.

ಮೊದಲ ನಾಲ್ಕು ಕಿಲೋ ಕರಗಿಯೇ ಹೋಯಿತು. ಅನ್ನ ಒಂದು ಸೌಟಿಗೆ ಇಳಿಯಿತು, ಸಕ್ಕರೆ ನಿಂತಿತು. ಅಡಿಗೆಗೆ ಕಾಯಿ ಹಾಕಬಾರದು ಎಂದಾಗ ಅಮ್ಮಮ್ಮ ಸೌಟು ಕೆಳಗಿಟ್ಟು, “ಕಾಯಿ ಹಾಕದ್ದ್ ಸಾರಾ? ಅದ್ ಪಾತ್ರಿ ತೊಳ್ದ್ ನೀರ್” ಎಂದಿದ್ದಳು. ಆಮೇಲೆ ಅವಳೇ ದಾರಿ ಹುಡುಕಿದಳು. ಹುರುಳಿ ಸಾರು. ಹುರುಳಿ ಬೇಯಿಸಿ ಬಸಿದ ಕಪ್ಪು ನೀರಿಗೆ ಬೆಳ್ಳುಳ್ಳಿ ಒಗ್ಗರಣೆ. ಕೊಬ್ಬು ಕರಗಿಸಲು ಅದಕ್ಕಿಂತ ಮದ್ದಿಲ್ಲ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಅದೇ, ರಾತ್ರಿಯೂ ಅದೇ. ಸಾರು ಮಂದವಾಗಿದ್ದರೆ ಅದು ಅರೆದ ಹುರುಳಿಯ ಮಂದವೆಂದೇ ತಿಳಿದಿದ್ದೆ.

ಬೆಳಗಾಗುವ ಹೊತ್ತಿಗೆ ಮರವಂತೆಯ ದಂಡೆಯಲ್ಲಿ ಓಡುತ್ತಿದ್ದೆ. ಒಂದು ಬದಿ ಕಡಲು, ಒಂದು ಬದಿ ಹೊಳೆ, ನಡುವೆ ಲಾರಿಗಳು. ಮೀನು ತರಲು ಗಂಗೊಳ್ಳಿಗೆ ಹೊರಟ ಬೆಳ್ಳಿಯಕ್ಕ ಬಸ್ಸಿಗೆ ಕಾಯುತ್ತ ಬುಟ್ಟಿಯ ಪಕ್ಕ ನಿಂತಿರುತ್ತಿದ್ದಳು.

“ಹ್ವಾಯ್ ಹೆಣ್ಣೇ! ಯಾರ್ ಅಟ್ಟಿಸ್ಕಂಡ್ ಬಂದದ್ದ್ ನಿನ್ನ?”

“ಯಾರೂ ಇಲ್ಲೆ ಬೆಳ್ಳಿಯಕ್ಕ.”

“ಹಾಂಗಾರೆ ಎಂತಕ್ಕೆ ಓಡೂದ್? ಗಂಡ್ ಕಾಂಬುಕೆ ಬತ್ರಾ? ತೋರ ಇದ್ರೆ ಎಂತ, ನಾನ್ ಕಾಣ್, ಬಂಗ್ಡಿ ಬುಟ್ಟಿ ಹೊತ್ತ್ ಮೂರ್ ಮಕ್ಳ್ ಹೆತ್ತಿದೆ!”

ಮದುವೆಗಾಗಿ ಓಡುತ್ತಿದ್ದೇನೆಂದೇ ಎಲ್ಲರೂ ತಿಳಿದಿದ್ದರು. ತ್ರಾಸಿಯ ಜಿಮ್ಮಿನ ಪ್ರಜ್ವಲ್ ಕೂಡ. ತೂಕ ಎಪ್ಪತ್ತೆಂಟಕ್ಕೆ ಅಂಟಿಕೊಂಡು ವಾರಗಳು ಕಳೆದಾಗ ಅವನ ಮುಂದೆ ಕಣ್ಣೀರು ಬಂತು.

“ಅಕ್ಕ, ತೂಕ ಒಂದ್ ಕಡೆ ಬಂದ್ ನಿಂತ್ಕಂತ್ತ್. ಎಲ್ಲರಿಗೂ ಹಾಂಗೇ. ದಿನಾ ಮಿಷನ್ ಹತ್ತೂದ್ ಬಿಡಿ. ಅಂಗಿ ಸಡಿಲ ಆತಾ ಕಾಣಿ, ಮೆಟ್ಲ್ ಹತ್ತುವಾಗ ಏದುಸ್ರ್ ಕಮ್ಮಿ ಆಯ್ತಾ ಕಾಣಿ. ವ್ಯಾಯಾಮ ಬಿಡುಕಾಗ ಅಷ್ಟೇ.”

“ನಂಗೆ ಟೈಮ್ ಇಲ್ಲೆ ಪ್ರಜ್ವಲ್.”

“ಮದಿ ದಿನ ಗೊತ್ತಾಯ್ತಾ?”

ಆಗ ಅಮ್ಮನ ವಿಷಯ ಹೇಳಿದೆ. ಅವನು ಕೈಯಲ್ಲಿದ್ದ ಕಬ್ಬಿಣ ಕೆಳಗಿಟ್ಟ. ಮರುದಿನದಿಂದ ವ್ಯಾಯಾಮ ಬದಲಿಸಿದ. ಓಟ ಸಾಲದು, ಭಾರ ಎತ್ತಿ ಎಂದ. ನಿದ್ದೆ ಕೇಳಿದ, ಊಟ ಕೇಳಿದ.

“ಒಂದ್ ಸೌಟ್ ಅನ್ನ, ಹುರ್ಳಿ ಸಾರ್. ಅದ್ರಂಗೆ ಕಾಯಿ ಚೂರೂ ಇಲ್ಲೆ.”

“ಹುರ್ಳಿ ತಿಂಬು ಕುದ್ರಿಗೆ ಹೊಟ್ಟಿ ಬತ್ತಾ ಅಕ್ಕ? ಹಾಂಗಾರೆ ಇಳೀಕ್. ಇಳೀದೇ ಎಲ್ಲಿಗೆ ಹೋತ್ತ್?”

ಇಳಿಯಲಿಲ್ಲ. ತೋಳು ಗಟ್ಟಿಯಾಯಿತು, ಏದುಸಿರು ನಿಂತಿತು, ಎಪ್ಪತ್ತೆಂಟು ಎಪ್ಪತ್ತೆಂಟಾಗಿಯೇ ಉಳಿಯಿತು. ಅಮ್ಮನ ಹೊಟ್ಟೆಯ ನೀರು ತೆಗೆಸಲು ಮತ್ತೆ ಮತ್ತೆ ಹೋಗುವಂತಾಯಿತು. ಲಿವರಿನ ವಿಷ ತಲೆಗೇರಿ ಒಮ್ಮೊಮ್ಮೆ ಅವಳು ನನ್ನನ್ನು ತನ್ನ ಶಾಲೆಯ ಗೆಳತಿಯೆಂದು ತಿಳಿದು ಮಾತಾಡುತ್ತಿದ್ದಳು. ಓಡುತ್ತ ಓಡುತ್ತ ನನಗೆ ಅನ್ನಿಸುತ್ತಿತ್ತು: ಯಾವುದೋ ರಕ್ಕಸಿಯ ಮಾಟದಲ್ಲಿ ಸಿಕ್ಕಿ ನಾನು ಎಷ್ಟು ಓಡಿದರೂ ಅದೇ ತೆಂಗಿನ ಮರದ ಬುಡಕ್ಕೇ ಬರುತ್ತಿದ್ದೇನೆ. ಬೆಳಿಗ್ಗೆ ಏಳಲು ಮನಸ್ಸಾಗದ ದಿನ ಅಮ್ಮ ನರಳುವುದು ಕೇಳಿಸುತ್ತಿತ್ತು. ಎದ್ದು ಬೂಟು ಹಾಕಿಕೊಳ್ಳುತ್ತಿದ್ದೆ. ಹುರುಪೆಂದರೆ ನನಗೆ ಇದ್ದದ್ದು ಅಷ್ಟೇ.

ಅಮ್ಮಮ್ಮ ಕಥೆ ಹೇಳುವುದನ್ನು ಬಿಟ್ಟಿದ್ದಳು. ನಾನು ಅವಳ ಸೆರಗಿನೊಳಗೆ ಬೆಳೆದವಳು. ಅವಳ ಕಥೆ ಕೇಳದೆ ನಿದ್ದೆ ಮಾಡಿದ್ದೇ ಕಡಿಮೆ. ಈಗ ಕೇಳಿದರೆ, “ಕಥಿ ಎಲ್ಲಾ ಮರ್ತ್ ಹೋಯ್ತ್ ಮಗಾ” ಎಂದು ಒಲೆಯ ಕಡೆ ತಿರುಗುತ್ತಿದ್ದಳು. ಊಟಕ್ಕೆ ಕೂತಾಗ ನನ್ನ ಮುಖ ನೋಡುತ್ತಿರಲಿಲ್ಲ. ಮಗಳು ಕಣ್ಣೆದುರೇ ಕರಗುತ್ತಿರುವಾಗ ಯಾವ ತಾಯಿಗೆ ಕಥೆ ಬರುತ್ತದೆ ಎಂದುಕೊಂಡು ಸುಮ್ಮನಾದೆ.

ಒಂದು ಭಾನುವಾರ ಜಿಮ್ಮಿಗೆ ಹೋಗದೆ ಮಲಗಿದ್ದೆ. ನನ್ನ ಕೋಣೆಯ ಹಿಂದಿನ ಕಿಟಕಿ ತೆರೆದಿತ್ತು. ಅದರಾಚೆ ಹಿತ್ತಿಲ ಜಗಲಿ. ಅಲ್ಲಿ ಅರೆಯುವ ಕಲ್ಲು. ಗುಂಡು ಕಲ್ಲು ಉರುಳುವ ಸದ್ದಿನ ಜೊತೆ ಅಮ್ಮಮ್ಮನ ದನಿ ಬರುತ್ತಿತ್ತು. ಅವಳು ಕಥೆ ಹೇಳುತ್ತಿದ್ದಳು!

“ಕೇಂತಾ ಕಲ್ಲೇ? ಒಂದ್ ಊರಂಗೆ ಒಂದ್ ಮುದ್ಕಿ ಇದ್ದಿತ್. ಅದ್ಕೆ ಒಬ್ಳ್ ಮಗ್ಳ್. ಆ ಮಗ್ಳಿಗೆ ಒಬ್ಳ್ ಮಗ್ಳ್. ಮಗ್ಳಿಗೆ ಸಾಯು ಕಾಯ್ಲಿ ಬಂತ್. ಮೊಮ್ಮಗ್ಳ್, ನನ್ನ ಹೊಟ್ಟಿ ಕೊಯ್ದ್ ಕೊಡ್ತೆ ಅಂದ್ಳ್. ಆಗ ಆ ಮಗ್ಳ್ ಎಂತ ಮಾಡಿತ್ ಗೊತ್ತಿತ್ತಾ? ತನ್ನ ಅಬ್ಬಿ ಕೈ, ಆ ಮುದ್ಕಿ ಕೈ, ತಕಂಡ್ ತನ್ನ ತಲಿ ಮೇಲ್ ಇಟ್ಕಂಡ್ ಆಣಿ ಹಾಕ್ಸ್ಕಂತ್. ‘ಅವ್ಳ್ ತೂಕ ಇಳೂಕಾಗ, ಇಳ್ದ್ರೆ ಕೊಯ್ತ್ರ್. ಹುರ್ಳಿ ಸಾರಿಗೆ ಕಾಯಿ ಹಾಲ್ ಹಾಕ್. ನೊಣ್ಣಗೆ ಅರ್ದ್ ಹಿಂಡಿ ಹಾಕ್, ಗೊತ್ತಾಪುಕಾಗ. ಯಾವ ಮನ್ಷರ ಹತ್ರವೂ ಹೇಳೂಕಾಗ’ ಅಂತ್.”

ಕಲ್ಲಿನ ಸದ್ದು ನಿಂತಿತು.

“ದಿನಾ ಒಂದ್ ಇಡೀ ಕಾಯಿದ್ ಹಾಲ್, ಕಲ್ಲೇ. ಹೇಳಿರೆ ಆಣಿ ಮಗ್ಳ್ ತಲಿಗೆ ತಾಗತ್ತ್. ಹೇಳ್ದಿರೆ ಮಗ್ಳ್ ಹೋತ್ಳ್. ಆ ಮುದ್ಕಿ ಎಂತ ಮಾಡ್ಕ್? ನೀನೇ ಹೇಳ್. ನೀನ್ ಮನ್ಷ ಅಲ್ಲ ಅಲ್ದಾ?”

ನಾನು ಹಾಸಿಗೆಯಲ್ಲಿ ಎದ್ದು ಕೂತಿದ್ದೆ. ಅಮ್ಮಮ್ಮನ ಕಥೆಗಳಲ್ಲಿ ಆಣೆಗೆ ಸಿಕ್ಕಿಬಿದ್ದವರು ಮನುಷ್ಯರಿಗೆ ಹೇಳಲಾಗದ್ದನ್ನು ಹುತ್ತಕ್ಕೋ ಮರಕ್ಕೋ ಕಲ್ಲಿಗೋ ಹೇಳುತ್ತಿದ್ದರು. ಮರೆಯಲ್ಲಿ ನಿಂತ ಯಾರೋ ಕೇಳಿಸಿಕೊಳ್ಳುತ್ತಿದ್ದರು. ಸೊಳ್ಳೆಯೆಂದು ಯಾವಾಗಲೂ ಮುಚ್ಚಿರುತ್ತಿದ್ದ ಆ ಕಿಟಕಿಯನ್ನು ಬೆಳಿಗ್ಗೆ ಬಂದು ತೆರೆದು ಹೋದವಳು ಅಮ್ಮಮ್ಮನೇ.

ಹಿತ್ತಿಲಿಗೆ ಹೋದೆ. ಅವಳು ತಿರುಗಿ ನೋಡಲಿಲ್ಲ. ಎರಡೂ ಕೈ ಮೊಣಕೈಯವರೆಗೆ ಕಾಯಿ ಹಾಲಿನಲ್ಲಿ ಬೆಳ್ಳಗಾಗಿದ್ದವು. ಅಲ್ಲಿಂದ ಅಮ್ಮನ ಕೋಣೆಗೆ ನುಗ್ಗಿದೆ. ಕೂಗಬೇಕು, ಜಗಳಾಡಬೇಕು, ನಿನ್ನನ್ನು ಬದುಕಿಸಲು ನಾನು ಓಡಿದ್ದನ್ನೆಲ್ಲ ನೀನು ಮಲಗಿದಲ್ಲೇ ಅಳಿಸಿ ಹಾಕಿದೆಯಲ್ಲ ಎಂದು ಕೇಳಬೇಕು. ಅಮ್ಮ ನಿದ್ದೆಯಲ್ಲಿದ್ದಳು, ಬಾಯಿ ಸ್ವಲ್ಪ ತೆರೆದು, ಮಗುವಿನ ಹಾಗೆ. ಕೇಳಿದರೆ ನಾಳೆಯೇ ಆಸ್ಪತ್ರೆಯಲ್ಲಿ ‘ನನಗೆ ಬೇಡ’ ಎಂದುಬಿಡುತ್ತಾಳೆ. ಮಾತು ಹೊರಬಿದ್ದದ್ದು ಯಾರಿಂದ ಎಂದೂ ತಿಳಿಯುತ್ತಾಳೆ. ಬಾಗಿಲು ಎಳೆದುಕೊಂಡು ಹೊರಗೆ ಬಂದೆ.

ಮರುದಿನದಿಂದ ಡಬ್ಬಿಯ ಸಾರು ಬೆಳ್ಳಿಯಕ್ಕನ ಪಾಲಾಯಿತು. ಗಂಗೊಳ್ಳಿಯ ಐಸ್ ಪ್ಲಾಂಟಿನ ಆಫೀಸಿನಲ್ಲಿ ನನ್ನ ಕೆಲಸ. ಮೀನಿಗೆ ಐಸ್ ಹಾಕಿಸಲು ಅವಳು ದಿನವೂ ಅಲ್ಲಿಗೆ ಬರುತ್ತಿದ್ದಳು.

“ಎಂತ ರುಚಿ ಮಾರಾಯ್ತಿ ನಿಮ್ಮ ಅಮ್ಮಮ್ಮ ಸುಂದ್ರಿಯಮ್ಮನ ಕೈಯಂಗೆ! ಹುರ್ಳಿ ಸಾರ್ ಹೀಂಗೂ ಆತ್ತಾ? ಕಾಣ್, ನಂಗೆ ರವ್ಕಿ ಬಿಗಿ ಆಯ್ತ್.”

ನಾನು ಬೇಯಿಸಿದ ಮೊಟ್ಟೆ, ಮುಳ್ಳುಸೌತೆ ತಿಂದು ನೀರು ಕುಡಿಯುತ್ತಿದ್ದೆ. ರಾತ್ರಿ ಹಸಿವಿಲ್ಲ ಎನ್ನುತ್ತಿದ್ದೆ. ಅಮ್ಮಮ್ಮ ಆಣೆಗೆ ತಪ್ಪದೆ ಸಾರು ಮಾಡಿದಳು, ಡಬ್ಬಿ ತುಂಬಿದಳು. ನನ್ನ ರವಿಕೆಗಳು ಸಡಿಲವಾದಾಗ ಏನೂ ಕೇಳದೆ ಹೊಲಿಗೆ ಹಾಕಿ ಚಿಕ್ಕದು ಮಾಡಿಕೊಟ್ಟಳು. ಮಿಷನ್ನಿನ ಮೇಲಿನ ಅಂಕಿ ಕದಲಿತು. ಮೊದಲು ತುಸುವೇ, ಆಮೇಲೆ ನಿಲ್ಲದೆ. ಅಮ್ಮ ಕೇಳಿದಾಗ ಮಾತ್ರ, “ಅಷ್ಟೇ ಇತ್ತ್” ಎನ್ನುತ್ತಿದ್ದೆ. “ಇರ್ಲಿ ಬಿಡ್” ಎನ್ನುವಾಗ ಅವಳ ದನಿಯಲ್ಲಿ ನೆಮ್ಮದಿ ಇರುತ್ತಿತ್ತು. ಅದನ್ನು ಈಗ ನಾನು ಗುರುತಿಸಬಲ್ಲವಳಾಗಿದ್ದೆ.

ಅಮ್ಮನಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದಾಗ ನನ್ನ ಪರೀಕ್ಷೆಗಳೂ ನಡೆದವು. ಡಾಕ್ಟರು ನನ್ನೊಬ್ಬಳನ್ನೇ ಕರೆದರು. ಸ್ಕ್ಯಾನಿಂಗ್ ಚಿತ್ರವನ್ನು ಬೆಳಕಿಗೆ ಹಿಡಿದರು.

“ನಿಮ್ಮ ಲಿವರ್ ಈಗ ಚೆನ್ನಾಗಿದೆ. ನೀವು ಇಷ್ಟು ಮಾಡುತ್ತೀರಿ ಅಂದುಕೊಂಡಿರಲಿಲ್ಲ.” ಚಿತ್ರವನ್ನು ಕೆಳಗಿಟ್ಟರು. “ಆದರೆ ತಾಯಿಯವರ ಹೊಟ್ಟೆಯ ನೀರಿಗೆ ಸೋಂಕಾಗಿ ಮೈಯೆಲ್ಲ ಹರಡಿದೆ. ಕಿಡ್ನಿಯೂ ಸೋತಿದೆ. ಆಪರೇಷನ್ ತಡೆದುಕೊಳ್ಳುವ ಸ್ಥಿತಿಯಲ್ಲಿ ಅವರಿಲ್ಲ. ಇನ್ನು ಆ ಸ್ಥಿತಿಗೆ ಬರುವುದೂ ಇಲ್ಲ.”

“ಒಂದೆರಡು ತಿಂಗಳು ಮೊದಲು ಬಂದಿದ್ದರೆ?”

ಅವರು ಒಳ್ಳೆಯವರು. ಚಿತ್ರವನ್ನು ಲಕೋಟೆಯೊಳಗೆ ಹಾಕಿ ನನ್ನ ಕೈಗೆ ಕೊಟ್ಟರು.

ಅಮ್ಮ ಮನೆಗೆ ಹೋಗಬೇಕೆಂದಳು. ನೆರೆಮನೆಯ ಚೆನ್ನಯ್ಯನವರು ಕಾರು ತಂದರು. ಮುಂದೆ ಅವರ ಪಕ್ಕ ಅಮ್ಮಮ್ಮ, ಹಿಂದೆ ನನ್ನ ಹೆಗಲಿಗೆ ಒರಗಿ ಅಮ್ಮ. ಬ್ರಹ್ಮಾವರ ದಾಟಿತ್ತು. ಗಾಳಿ ತಾಗಿ ಅಮ್ಮನಿಗೆ ಎಚ್ಚರವಾಯಿತು. ಅವತ್ತು ಮನಸ್ಸು ತಿಳಿಯಾಗಿತ್ತು.

“ಡಾಕ್ಟ್ರ್ ಎಂತ ಅಂದ್ರ್?”

ನಾನು ಕಿಟಕಿಯ ಹೊರಗೆ ನೋಡಿದೆ. “ನಂದ್ ಲಿವರ್ ಸರಿ ಆಯ್ಲ ಅಂಬ್ರ್. ಕೊಬ್ಬ್ ಹಾಂಗೇ ಇತ್ತ್ ಅಂಬ್ರ್. ನನ್ನ ಕೈಯಂಗೆ ಆಪುದಲ್ಲ ಅಂದ್ರ್.”

“ಹಾಂಗಾರೆ ಕೊಯ್ಯುದಿಲ್ಯಾ?”

“ಇಲ್ಲೆ.”

“ನಿಂಗೆ ಬೇಜಾರಾಯ್ತಾ ಮಗಾ? ಅಷ್ಟ್ ಓಡಿದ್ದೆ ಪಾಪ.”

“ಹ್ಞೂಂ.”

“ಬೇಜಾರ್ ಮಾಡ್ಬೇಡ. ಓಡಿದ್ದ್ ಹಾಳಾತಿಲ್ಲ. ಗಟ್ಟಿ ಆಯ್ದೆ.”

ಅವಳು ಕೈಯನ್ನು ಮೆಲ್ಲನೆ ಸರಿಸಿ ನನ್ನ ಹೊಟ್ಟೆಯ ಬಲಬದಿಗೆ ಇಟ್ಟಳು. ಗಾಯವಿಲ್ಲದ ಆ ಜಾಗವನ್ನು ಸವರಿದಳು. ಅಷ್ಟು ಖುಷಿಯಾದ ಅಮ್ಮನನ್ನು ನೋಡಿ ಎಷ್ಟೋ ಕಾಲವಾಗಿತ್ತು. ಗೆದ್ದ ಹುಡುಗಿಯ ಹಾಗೆ ತುಟಿ ಕಚ್ಚಿ ನಕ್ಕಳು. ಹಾಗೇ ನಿದ್ದೆ ಹೋದಳು. ಕೈ ಅಲ್ಲಿಯೇ ಇತ್ತು.

ಅಮ್ಮಮ್ಮ ಹಿಂದಕ್ಕೆ ತಿರುಗಿದ್ದಳು. ನನ್ನ ರವಿಕೆಗೆ ಅವಳೇ ಹಾಕಿದ ಹೊಲಿಗೆಯನ್ನು ನೋಡಿದಳು, ನನ್ನ ಮುಖ ನೋಡಿದಳು. ನಾನು ಹೇಳಿದ್ದು ಸುಳ್ಳೆಂದು ಅವಳಿಗೆ ಗೊತ್ತಾಯಿತು. ನನ್ನ ಲಿವರು ಸರಿಯಾಗಿದ್ದರೂ ಅಮ್ಮನಿಗೆ ಹೊತ್ತು ಮೀರಿದೆ ಎಂಬುದೂ ಗೊತ್ತಾಯಿತು. ಕುಂದಾಪುರದ ಸೇತುವೆ ಬಂತು, ಹೋಯಿತು.

“ಮಗಾ,” ಎಂದಳು, ಅಮ್ಮನಿಗೆ ಎಚ್ಚರವಾಗದ ಹಾಗೆ. “ನಾನ್ ಮುಂಚೆಯೇ ಹೇಳಿರೆ ಆತಿತ್ತಾ?”

ಇಲ್ಲ ಅಮ್ಮಮ್ಮ ಎನ್ನಬೇಕಿತ್ತು. ತಕ್ಷಣ ಎನ್ನಬೇಕಿತ್ತು. ಅಮ್ಮನಿಗೆ ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದ ನಾಲಿಗೆಗೆ ಆ ಒಂದು ಮಾತು ಸಿಗಲಿಲ್ಲ. ಅಮ್ಮಮ್ಮ ಸ್ವಲ್ಪ ಕಾದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಂದಕ್ಕೆ ತಿರುಗಿ ಕೂತಳು.