ಕೌದಿಯ ಹೊಟ್ಟೆ

ಆ ಬೆಳಿಗ್ಗೆ ನೀರಾ ನದಿಯ ಕಡೆಯಿಂದ ಎದ್ದ ಮಂಜು ಕಬ್ಬಿನ ಹೊಲಗಳನ್ನು ದಾಟಿ ಓಣಿಯೊಳಗೂ ಬಂದು ಕೂತಿತ್ತು. ಪುಷ್ಯ ಮಾಸದ ಚಳಿ. ಹೌಸಾಬಾಯಿ ಕೊರಳಿನ ತುಳಸಿ ಮಾಲೆಯನ್ನು ಕಣ್ಣಿಗೊತ್ತಿಕೊಂಡು, ಮಡಿಚಿದ ಕೌದಿಯನ್ನು ಕಂಕುಳಲ್ಲಿ ಹಿಡಿದು, ಸಗುಣಾಬಾಯಿಯ ಮನೆಯ ಮೆಟ್ಟಿಲೇರಿದಳು. ನಲವತ್ತು ವರ್ಷ ಕೌದಿ ಹೊಲಿದ ಕೈ ಅದು.

ತೀರಿಹೋದ ತನ್ನ ತಾಯಿ ಅನುಸಯಾಬಾಯಿಯ ನಾಲ್ಕು ಒಂಬತ್ತುಗಜದ ಸೀರೆಗಳನ್ನು ಸಗುಣಾ ಹೌಸಾಬಾಯಿಯ ಕೈಗೆ ಕೊಟ್ಟಿದ್ದಳು. ಬಾಣಂತನಕ್ಕೆ ಬಂದ ಮಗಳ ಕೂಸು ಮುತ್ತಜ್ಜಿಯ ಸೀರೆ ಹೊದ್ದು ಮಲಗಲಿ ಎಂದು. ಅದೇ ಹೊತ್ತಿಗೆ ಪೇಟೆಯ ಬಂಗಾಲಿ ಅಕ್ಕಸಾಲಿಗನ ಹೆಂಡತಿ ಶೆಫಾಲಿ ಹಗ್ಗದ ಮೇಲೆ ಒಣಹಾಕಿದ್ದ ತನ್ನ ಊರಿನ ಕೌದಿ ಹೌಸಾಬಾಯಿಯ ಕಣ್ಣಿಗೆ ಬಿತ್ತು. ನಟ್ಟನಡುವೆ ತಾವರೆ, ಸುತ್ತ ನೀರಿನ ಅಲೆಯಂಥ ಹೊಲಿಗೆ. ನೋಡುತ್ತ ನಿಂತೇ ಬಿಟ್ಟಳು. ತನ್ನ ಅವ್ವ ಕಲಿಸಿದ ಹೊಲಿಗೆ ಅಂಚಿನಿಂದ ಹೊರಟು ಚೌಕ ಚೌಕವಾಗಿ ಒಳಗೆ ಬರುತ್ತಿತ್ತು. ಇದು ನಡುವಿನಲ್ಲಿ ಹುಟ್ಟಿ ಹೊರಗೆ ಹರಿಯುತ್ತಿತ್ತು. ಸಗುಣಾ ಕೊಟ್ಟ ಸೀರೆಗಳ ಮೇಲೆ ಅಂಥದೇ ತಾವರೆಯನ್ನು, ಪಾಂಡುರಂಗನೇ ಕೈಹಿಡಿದು ಹೊಲಿಸಿದ ಹಾಗೆ, ಎರಡು ತಿಂಗಳು ಹೊಲಿದಳು.

ಸಗುಣಾ ಕೌದಿ ಬಿಡಿಸಿ ಹಾಸಿದವಳು ಬಾಯಿಗೆ ಸೆರಗು ಒತ್ತಿಕೊಂಡಳು.

"ಅಯ್ಯ ಹೌಸಾ, ಇದೇನ ಕೌದಿಯೋ, ದೇವರ ಮುಂದಿನ ರಂಗೋಲಿಯೋ? ಇದರ ಮ್ಯಾಲ ಕೂಸು ಉಚ್ಚಿ ಹೊಯ್ದರ ನನ್ನ ಎದಿ ಒಡೀತದ ನೋಡ!"

"ಹೊಯ್ಲಿ ಬಿಡ್ರಿ ಅಕ್ಕಾರ. ಅನುಸಯಾ ಆಯೀ ಇದ್ದಿದ್ರ ತೀರ್ಥ ಅಂತಿದ್ರು."

ನಗುತ್ತಲೇ ಒಳಗೆ ಹೋದ ಸಗುಣಾ ಒಲೆಯ ಮೇಲಿಂದ ಆಗಷ್ಟೇ ಇಳಿಸಿದ ಜೋಳದ ಭಾಕರಿಯನ್ನು ತಾಟಿನಲ್ಲಿಟ್ಟು ತಂದಳು. ಕೌದಿ ಮುಗಿಯುವ ಮುನ್ನ ನಡುವೆ ಹೊಲಿಯದೆ ಬಿಟ್ಟ ಬಾಯಿಯಲ್ಲಿ ಆ ಮನೆಯ ಒಲೆಯ ಒಂದು ತುತ್ತು ಇಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ತುಂಬಿದರೆ ಹೊದ್ದವರು ಹಸಿಯುವುದಿಲ್ಲ. ಸಗುಣಾಳ ಬೆರಳು ತಾವರೆಯ ಸುತ್ತ ತಡಕಾಡಿತು.

"ಬಾಯಿ ಎಲ್ಲಿ ಇಟ್ಟೀ?"

ಹೌಸಾಬಾಯಿ ಕೌದಿಯನ್ನು ತನ್ನತ್ತ ಎಳೆದುಕೊಂಡಳು. ನಡುವನ್ನು ಅವಳು ಮೊದಲ ದಿನವೇ ಹೊಲಿದು ಮುಚ್ಚಿದ್ದಳು. ತಾವರೆಯ ಗುಂಗಿನಲ್ಲಿ ತುತ್ತಿನ ನೆನಪೇ ಬಂದಿರಲಿಲ್ಲ.

"ಮೂಲ್ಯಾಗ ಎರಡ ಎಳಿ ಬಿಚ್ಚಿ ಇಡ್ತೀನ್ರಿ..."

"ಕೂಸಿನ ಕಾಲಾಗ ಅನ್ನ ಇಡ್ತೀ?" ಸಗುಣಾಳ ದನಿ ಏರಿತು. "ಬ್ಯಾಡ, ತಗೊಂಡ ಹೋಗ. ಹಸದ ಕೌದಿ ನನ್ನ ಮೊಮ್ಮಗಗ ಹೊಚ್ಚೂದಿಲ್ಲ. ಎರಡ ತಿಂಗಳ ನಮ್ಮವ್ವನ ಸೀರಿ ನಿನ್ನ ತೊಡಿ ಮ್ಯಾಲಿತ್ತು, ಒಂದ ತುತ್ತು ನೆನಪಾಗಲಿಲ್ಲಾ? ಬರದ ವರ್ಷ ನೀ ನಿಮ್ಮವ್ವನ ಸೆರಗ ಹಿಡಕೊಂಡ ಈ ಹೊಸ್ತಿಲದಾಗ ನಿಂತಾಗ, ನಮ್ಮವ್ವ ತನ್ನ ತಾಟಿನಾಗಿನ ಭಾಕರಿ ಮುರದು ನಿನ್ನ ಬಾಯಾಗ ಇಟ್ಟಿದ್ಲು. ಅದಾದರೂ ನೆನಪೈತೋ?"

ಒಳಗೆ ಕೂಸು ಅಳುತ್ತಿತ್ತು. ಕತ್ತರಿಸಿದ ಸೀರೆಗಳು ಮತ್ತೆ ಸೀರೆಯಾಗುವಂತಿರಲಿಲ್ಲ. ಇಂಥ ಹೂವು ತನ್ನ ಕೈಯಲ್ಲಿ ಇನ್ನೊಮ್ಮೆ ಅರಳುವ ಭರವಸೆಯೂ ಹೌಸಾಬಾಯಿಗಿರಲಿಲ್ಲ.

ಅಲ್ಲೇ ನೆಲದ ಮೇಲೆ ಕೂತಳು. ಕುಪ್ಪಸಕ್ಕೆ ಚುಚ್ಚಿದ್ದ ಸೂಜಿ ತೆಗೆದು ತಾವರೆಯ ಎದೆಯ ಹೊಲಿಗೆಗೆ ಹಾಕಿ ಎಳೆದಳು.

"ಏ ಹುಚ್ಚೀ, ಹೂವು ಹೋಗ್ತದಲ್ಲ!"

"ಹೋಗ್ಲಿ ಅಕ್ಕಾರ."

ಕೆಂಪು ಎಳೆಗಳು ಒಂದೊಂದಾಗಿ ಬಂದವು. ಎಂಟು ದಳಗಳಲ್ಲಿ ಮೂರು ಹೋದವು. ಎರಡು ಬೆರಳಗಲ ಬಾಯಿ ತೆರೆದಾಗ ಒಳಗೆ ಅನುಸಯಾಬಾಯಿಯ ನೀಲಿ ಸೀರೆ ಕಂಡಿತು. ಸಗುಣಾ ಪಕ್ಕದಲ್ಲಿ ಕೂತು ತಾಟನ್ನು ಮುಂದೆ ಸರಿಸಿದಳು. ಹೌಸಾಬಾಯಿ ಭಾಕರಿಯ ನಡುವಿನ ಮೆತ್ತಗಿನ ಭಾಗ ಮುರಿದು, ಆರಲೆಂದು ಒಮ್ಮೆ ಊದಿದಳು.

"ತಗೋರಿ, ಆಯೀ," ಎಂದು ಮೆಲ್ಲಗೆ ಹೇಳಿ, ಆ ತುತ್ತನ್ನು ನೀಲಿ ಮಡಿಕೆಯೊಳಗೆ ಇಟ್ಟಳು.