ಒಂದೇ ಉಸಿರಿಗೆ ಒಂದು ಕೊಡ ನೀರು

ಭವಾನಿ ಪೇಟೆಯ ಬೆಲ್ಲದ ಬಜಾರಿನಲ್ಲಿ ಇರುವೆಗೆ ಯಾರೂ ಹೆದರುತ್ತಿರಲಿಲ್ಲ. ಅಲ್ಲಿಯ ಇರುವೆಗಳು ಪುಣೆಯ ಉಳಿದ ಇರುವೆಗಳಂತಲ್ಲ. ಮೈಕೈ ತುಂಬಿಕೊಂಡು, ಮಧ್ಯಾಹ್ನ ಗೋಣಿಚೀಲದ ನೆರಳಿನಲ್ಲಿ ಒಂದು ತಾಸು ಮಲಗಿ ಎದ್ದು ಮತ್ತೆ ಕೆಲಸಕ್ಕೆ ಹೋಗುವಂಥವು. ಹೊಳಬಸಪ್ಪನ ತಕ್ಕಡಿಯಲ್ಲಿ ಒಮ್ಮೆ ಇರುವೆಗಳನ್ನೇ ತೂಗಿ ಅರ್ಧ ಸೇರು ಬಂದದ್ದನ್ನು ಮೂವರು ಕಣ್ಣಾರೆ ಕಂಡಿದ್ದಾರೆ. ಅವರಲ್ಲಿ ಇಬ್ಬರು ಈಗ ಇಲ್ಲ. ಮೂರನೆಯವನು ಹೊಳಬಸಪ್ಪ.

ಆದ್ದರಿಂದ ೧೯೩೬ನೆಯ ಇಸವಿ, ಸಂಕ್ರಾಂತಿ ಮುಗಿದ ವಾರ, ಅವನ ಹೆಂಡತಿ ಚನ್ನಬಸವ್ವ ಬಚ್ಚಲಮನೆಯ ಬಾಗಿಲಲ್ಲಿ ನಿಂತು ಕೂಗಿದಾಗ ಅವನಿಗೆ ಮೊದಲು ನಗು ಬಂತು.

"ರೀ, ಬಚ್ಚಲದಾಗ ಇರುವಿ ಸಾಲು ಹಚ್ಚ್ಯಾವ. ನಮ್ಮ ಕಾಕಾನ ಮನ್ಯಾಗೂ ಮೊದಲ ಇರುವಿನ ಬಂದಿದ್ವು. ಆಮ್ಯಾಲ ನೀರಡಿಕಿ. ಆಮ್ಯಾಲ ಮೈ ಇಳೀತು. ಎರಡ ವರ್ಷದಾಗ ಕಾಕಾ ಇಲ್ಲ."

"ಬೆಲ್ಲದಂವನ ಮನಿಗೆ ಇರುವಿ ಬರದ ಆನಿ ಬರ್ತಾವೇನ?"

"ಆನಿ ಬಂದಿದ್ರ ನಿಮ್ಮನ್ನ ಡಾಕ್ಟರ್ ಕಡೆ ಕಳಸ್ತಿದ್ದಿಲ್ಲ. ಇದು ಸಕ್ಕರಿ ಬ್ಯಾನಿ. ತಪಾಸಣಿ ಮಾಡಸ್ರಿ ಅಂದ್ರ ಮಾಡಸ್ರಿ."

ಇರುವೆಗಳು ಬಂದದ್ದಕ್ಕೆ ಹೊಳಬಸಪ್ಪನ ಬಳಿ ಎರಡು ಕಾರಣಗಳಿದ್ದವು. ಒಂದನ್ನು ಹೆಂಡತಿಗೆ ಹೇಳುವಂತಿರಲಿಲ್ಲ. ಇನ್ನೊಂದನ್ನು ತನಗೇ ಹೇಳಿಕೊಳ್ಳುವ ಧೈರ್ಯವಿರಲಿಲ್ಲ.

ಅವನ ಬದುಕೆಲ್ಲ ನಾಲಿಗೆಯ ಮೇಲೆ ನಿಂತಿತ್ತು. ಗದಗದ ಕಡೆಯಿಂದ ಬಂದು ಇಪ್ಪತ್ತೆರಡು ವರ್ಷ ಬೆಲ್ಲದ ಅಡತಿ, ಅಂದರೆ ದಲಾಲಿ ಅಂಗಡಿ, ನಡೆಸಿದವನು. ದಿನಕ್ಕೆ ನಲವತ್ತು ಪೆಂಟೆಗಳಿಂದ, ಬೆಲ್ಲದ ಆ ದೊಡ್ಡ ಅಚ್ಚುಗಳಿಂದ, ಚೂರು ಮುರಿದು ಬಾಯಿಗೆ ಹಾಕಿಕೊಂಡರೆ, ಯಾವ ಊರಿನ ಬೆಲ್ಲ, ಯಾವ ಬಾವಿಯ ನೀರುಂಡ ಕಬ್ಬು, ಎಲ್ಲ ಹೇಳುತ್ತಿದ್ದ. ಪಾಕ ಇಳಿಸಿದವನು ಅವತ್ತು ಹೆಂಡತಿಯೊಡನೆ ಜಗಳವಾಡಿ ಬಂದಿದ್ದನೋ ಇಲ್ಲವೋ ಎಂಬುದನ್ನೂ ಹೇಳುತ್ತಿದ್ದ. ಅದು ಸುಳ್ಳೆಂದು ಯಾವ ಗಂಡನೂ ಬಂದು ಸಾಧಿಸಿರಲಿಲ್ಲ. ಇಂಥವನಿಗೆ ಸಕ್ಕರೆ ಬ್ಯಾನಿ ಎಂದು ಡಾಕ್ಟರು ಹೇಳಿದರೆ ಮೊದಲು ಮುಚ್ಚುವುದು ಬಾಯಿ. ರುಚಿ ನೋಡದ ಅಡತಿಯವನನ್ನು ಬಜಾರಿನಲ್ಲಿ ಯಾರು ಕೇಳುತ್ತಾರೆ?

ಚನ್ನಬಸವ್ವ ಬಿಡಲಿಲ್ಲ. ಧಾರವಾಡದಿಂದ ಬಂದು ಪೇಟೆಯ ಮೂಲೆಯಲ್ಲಿ ದವಾಖಾನೆ ತೆರೆದಿದ್ದ ಡಾಕ್ಟರ್ ಬಿಂದುಮಾಧವರಾಯರನ್ನು ತಾನೇ ಹೋಗಿ ಕೇಳಿ ಬಂದಳು. "ಊಟ ಆಗಿ ಎರಡು ತಾಸಿಗೆ ಒಂದು ಬಾಟ್ಲಿಯೊಳಗ ಮೂತ್ರ ಹಿಡದು ಕೊಡ್ರಿ, ನಾ ಕುದಿಸಿ ನೋಡ್ತೀನಿ" ಎಂದಿದ್ದರು ಅವರು. ಗುರುವಾರ ಬೆಳಿಗ್ಗೆ ಖಾಲಿ ಬಾಟ್ಲಿಯನ್ನು ಗಂಡನ ಕೈಗಿತ್ತಳು.

"ಮಧ್ಯಾಹ್ನ ಮೂರಕ್ಕ ನಾ ದವಾಖಾನ್ಯಾಗ ಇರ್ತೀನಿ. ತುಂಬಿಸಿಕೊಂಡು ಬರ್ರಿ. ಬರದಿದ್ರ ಬಜಾರಿಗೇ ಬಂದು ಎಲ್ಲಾರ ಮುಂದ ಕೇಳ್ತೀನಿ."

ಅದೇ ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಬಜಾರಿನಲ್ಲಿ ದೊಡ್ಡ ಪೈಪೋಟಿ. ಭವಾನಿ ಪೇಟೆಯ ಹಮಾಲ ಗೂಳಪ್ಪನಿಗೂ ಸಾಸವಡದಿಂದ ಬರುವ ಗಾಡಿಯವನೊಬ್ಬನಿಗೂ ಪಂದ್ಯ. ಒಂದು ಕೊಡ ನೀರು ಒಂದೇ ಉಸಿರಿಗೆ ಕುಡಿಯಬೇಕು. ಕೂಡಲೇ ಬೆಲ್ಲದ ಮೂಟೆ ಹೆಗಲಿಗೇರಿಸಿ, ಬರಿಗಾಲಲ್ಲಿ ಬಜಾರಿನ ಸುತ್ತ ಮೂರು ಸುತ್ತು ಓಡಬೇಕು. ಗೆದ್ದವನಿಗೆ ಒಂದು ಪೆಂಟೆ ಬೆಲ್ಲ. ಪಂದ್ಯ ಕಟ್ಟಿದವನು ಹೊಳಬಸಪ್ಪನೇ.

ಕಟ್ಟದೆ ಇರುವುದು ಹೇಗೆ? ವಿಜಾಪುರದ ಕಡೆಯ ಈ ನಲವತ್ತೈದರ ಹಮಾಲ ದಸರೆಯ ಹೊತ್ತಿಗೆ ಒಂದು ತಂಬಿಗೆ ನೀರು ಗಟಗಟ ಕುಡಿಯುತ್ತಿದ್ದ. ದೀಪಾವಳಿಗೆ ಮೂರು ತಂಬಿಗೆ. ಈಗ ಕೊಡವನ್ನೇ ಎತ್ತಿ ಹಿಡಿಯುತ್ತಿದ್ದ. ಬಜಾರು ಇದನ್ನು ಶಾಲೆಯ ಹುಡುಗ ಇಯತ್ತೆ ಏರಿದಂತೆ ಎಣಿಸಿ ಚಪ್ಪಾಳೆ ತಟ್ಟುತ್ತಿತ್ತು. ಒಂದು ಹೊತ್ತಿಗೆ ಹದಿನೆಂಟು ರೊಟ್ಟಿ ತಿನ್ನುತ್ತಿದ್ದ, ಆದರೂ ಧೋತರ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. "ಕಸರತ್ತಿನ ಮೈ, ಬೊಜ್ಜೆಲ್ಲ ಕರಗೇತಿ" ಎಂದರು. ಮೂಟೆ ಇಳಿಸಿದಲ್ಲೇ ಮಲಗಿಬಿಡುತ್ತಿದ್ದ. "ಹುಲಿ ಹಗಲಿಗೇ ಮಲಗತೈತಿ" ಎಂದರು. ಗೋದಾಮಿನ ಹಿಂದೆ ಅವನು ಉಚ್ಚೆಗೆ ಕುಳಿತೆದ್ದ ಗೋಡೆಯ ಬುಡಕ್ಕೆ ಇರುವೆ ಮುತ್ತುತ್ತಿದ್ದವು. ಬೆಲ್ಲದ ಬಜಾರಿನಲ್ಲಿ ಇರುವೆ ಎಲ್ಲಿಲ್ಲ?

ಹೊಳಬಸಪ್ಪ ಬಾಟ್ಲಿಯನ್ನು ಶಲ್ಯದಲ್ಲಿ ಮುಚ್ಚಿಕೊಂಡು ಬಜಾರಿಗೆ ಬಂದ. ಚೀಲಗಳ ಮೇಲೆ ಮಲಗಿದ್ದ ಗೂಳಪ್ಪ ಕಣ್ಣಿಗೆ ಬಿದ್ದ ಕೂಡಲೇ ಅವನ ತಲೆಯಲ್ಲಿ ದೀಪ ಹೊತ್ತಿತು. ಪುಣೆಯಲ್ಲಿ ಇವನಿಗಿಂತ ಗಟ್ಟಿ ಆಳು ಯಾರಿದ್ದಾರೆ? ಇವನ ಬಾಟ್ಲಿ ಕೊಟ್ಟರೆ ಡಾಕ್ಟರೇ ಎದ್ದು ಕೈಮುಗಿಯಬೇಕು.

"ಗೂಳಪ್ಪಾ, ಊಟ ಆತೇನೋ?"

"ಎರಡ ತಾಸ ಆತ್ರಿ ಸಾವ್ಕಾರ್ರ. ಮತ್ತ ಹಸಿವಿ ಆಗೇತಿ."

"ಹಿತ್ತಲದಾಗ ನಿಂಬೀ ಗಿಡ ಬಾಡಾಕತ್ತೈತಿ. ಗಂಡಸರ ಉಚ್ಚಿ ಹಾಕಿದ್ರ ಚಿಗೀತೈತಿ ಅಂತ. ಇದೊಂದು ಬಾಟ್ಲಿ ತುಂಬಿಸಿ ಕೊಡು."

"ಒಂದ ಬಾಟ್ಲಿ ಯಾಕ್ರೀ, ಪೀಪಾಯಿ ತರ್ರಿ. ತಾಸಿಗೊಮ್ಮಿ ಎದ್ದು ಎದ್ದು ಸಾಕಾಗೇತಿ. ನಿಮ್ಮದೇನು, ಪುಣೇದಾಗಿನ ನಿಂಬೀ ಗಿಡಕ್ಕೆಲ್ಲಾ ನಾ ಒಬ್ಬನ ಸಾಕು."

ಗೂಳಪ್ಪ ಎಡಗಾಲನ್ನು ಸ್ವಲ್ಪ ಎಳೆಯುತ್ತ ಗೋದಾಮಿನ ಹಿಂದೆ ಹೋದ. ಆ ಪಾದಕ್ಕೆ ಒಂದು ಚಿಂದಿ ಸುತ್ತಿತ್ತು. ದಸರೆಯಲ್ಲಿ ಮೂಟೆಯ ಕೊಕ್ಕೆ ತಾಗಿದ ಗಾಯ, ಇನ್ನೂ ಮಾಯ್ದಿರಲಿಲ್ಲ.

ಮೂರು ಗಂಟೆಗೆ ಹೊಳಬಸಪ್ಪ ದವಾಖಾನೆಯಲ್ಲಿ ಎದೆ ಸೆಟೆಸಿ ಕುಳಿತ. ಪಕ್ಕದಲ್ಲಿ ಚನ್ನಬಸವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಸರದಿ ಬರುವ ಹೊತ್ತಿಗೆ ಮುಕ್ಕಾಲು ತಾಸು ಕಳೆದಿತ್ತು. ಡಾಕ್ಟರು ಗಾಜಿನ ನಳಿಗೆಯೊಂದರಲ್ಲಿ ನವಿಲಿನ ಕೊರಳಿನಂಥ ನೀಲಿ ನೀರು ತೆಗೆದುಕೊಂಡು, ಅದಕ್ಕೆ ಬಾಟ್ಲಿಯಿಂದ ಎಂಟು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿದರು.

"ನೀಲಿನ ಉಳದ್ರ ಸಕ್ಕರಿ ಇಲ್ಲ. ಹಸರ ಆದ್ರ ಸ್ವಲ್ಪ. ಹಳದಿ ಆದ್ರ ಹೆಚ್ಚು. ಇಟ್ಟಂಗಿ ಬಣ್ಣ ಬಂದ್ರ…"

ಮಾತು ಮುಗಿಯುವ ಮೊದಲೇ ನೀರು ಹಸಿರಾಯಿತು. ಹೊಳಬಸಪ್ಪನ ಎದೆ ಒಂದು ಇಂಚು ಇಳಿಯಿತು. ಹಳದಿಯಾಯಿತು. ಕಿತ್ತಳೆಯಾಯಿತು. ಆಮೇಲೆ ಭಟ್ಟಿಯಿಂದ ಈಗಷ್ಟೇ ತೆಗೆದ ಇಟ್ಟಂಗಿಯ ಹಾಗೆ ಕೆಂಪಗೆ ಗಟ್ಟಿಯಾಗಿ ಕುಳಿತಿತು.

"ಅಯ್ಯ ಶಿವನ!" ಚನ್ನಬಸವ್ವ ಗಂಡನ ತೋಳು ಹಿಡಿದಳು. "ನಾ ಹೇಳಿದ್ದೆ. ಹೇಳಿದ್ದೆ ಇಲ್ರೀ?"

ಹೊಳಬಸಪ್ಪನಿಗೆ ಒಂದು ಕ್ಷಣ ತನಗೇ ಬ್ಯಾನಿ ಬಂದಂತೆ ಬಾಯಿ ಒಣಗಿತು.

"ಹೆದರಬ್ಯಾಡ್ರಿ," ಎಂದರು ಡಾಕ್ಟರು. "ಹಿಂದ ಔಷಧ ಇರಲಿಲ್ಲ. ಈಗ ಇನ್ಸುಲಿನ್ ಸೂಜಿ ಬಂದದ, ಪಥ್ಯ ಅದ. ಎಷ್ಟೋ ವರ್ಷ ಬಾಳಬಹುದು. ಭಾಳ ನೀರಡಿಕಿ, ಮೇಲಿಂದ ಮೇಲೆ ಮೂತ್ರ, ಉಂಡರೂ ಮೈ ಇಳಿಯೋದು, ದಣಿವು, ಇವೆಲ್ಲ ಅದರ ಗುರುತು. ಗಾಯ ಬ್ಯಾಗ ಮಾಯೂದಿಲ್ಲ. ಒಂದು ಮಾತು ಹೇಳ್ರಿ, ಕಾಲಿಗೆ ಏನರೆ ಗಾಯ ಅದ ಏನು? ಇದ್ರ ಬರಿಗಾಲ ನೆಲಕ್ಕ ಊರಬಾರದು. ಕೊಳೀತಂದ್ರ ಕಾಲ ತಗೀಬೇಕಾಗ್ತದ. ಜೀವಕ್ಕೂ ಬರ್ತದ."

"ಇವರ ಕಾಲಿಗೆ ಏನೂ ಇಲ್ರಿ," ಎಂದಳು ಚನ್ನಬಸವ್ವ.

ಹೊಳಬಸಪ್ಪನ ಕಣ್ಣಿಗೆ ಆ ಚಿಂದಿ ಕಟ್ಟಿತು. ಒಂದು ತಂಬಿಗೆ, ಮೂರು ತಂಬಿಗೆ, ಒಂದು ಕೊಡ. ಜಾರುವ ಧೋತರ. ಪೀಪಾಯಿ. ತಾನೇ ಮುಂದೆ ನಿಂತು ಹೊಡೆದ ಚಪ್ಪಾಳೆ. ಗೋಡೆಯ ಗಡಿಯಾರ ನಾಲ್ಕಕ್ಕೆ ಐದು ನಿಮಿಷ ತೋರಿಸುತ್ತಿತ್ತು.

"ಅದು ನಂದಲ್ಲ!" ಎಂದವನೇ ಎದ್ದು ಹೊರಗೆ ಹಾರಿದ.

"ಏನು ನಿಮ್ಮದಲ್ಲ? ರೀ, ಚಪ್ಪಲಿ!"

ಅವತ್ತು ಹೊಳಬಸಪ್ಪ ಓಡಿದ ಓಟಕ್ಕೆ ಎರಡು ಟಾಂಗಾ ಹಿಂದೆ ಬಿದ್ದವು. ಒಂದು ನಿಂತಿತ್ತೆಂಬುದನ್ನು ಅವನೂ ಒಪ್ಪುತ್ತಾನೆ. ಪೇಟಾ ಒಂದು ಬೀದಿಯಲ್ಲಿ ಬಿದ್ದಿತು, ಶಲ್ಯ ಇನ್ನೊಂದರಲ್ಲಿ. ಬಜಾರು ಮುಟ್ಟಿದಾಗ ಜನ ಮಾಳಿಗೆಯ ಮೇಲೂ ಗಾಡಿಯ ಮೇಲೂ ಹತ್ತಿ ನಿಂತಿದ್ದರು. "ಶಾಬ್ಬಾಸ್ ಗೂಳಪ್ಪಾ!" ಎಂದು ಕೂಗು. ಗೂಳಪ್ಪನ ಕೊಡ ಖಾಲಿಯಾಗಿತ್ತು. ಮೂಟೆ ಹೆಗಲೇರಿತ್ತು. ಓಡಲು ಬರಿಗಾಲೇ ಆಗಬೇಕೆಂದು ಕಾಲಿನ ಚಿಂದಿಯನ್ನು ಬಿಚ್ಚಿ ಒಗೆದಿದ್ದ.

"ನಿಲ್ಲೋ! ಗೂಳಪ್ಪಾ, ಕಾಲ ಇಡಬ್ಯಾಡ!"

ಹೊಳಬಸಪ್ಪ ಅವನ ಸೊಂಟಕ್ಕೆ ತೆಕ್ಕೆ ಹಾಯ್ದ. ಮೂಟೆ, ಹಮಾಲ, ಸಾವ್ಕಾರ ಮೂರೂ ಬೆಲ್ಲದ ರಾಶಿಯ ಮೇಲೆ ಉರುಳಿದವು.

"ಹುಚ್ಚ ಹಿಡದೈತೇನ್ರೀ? ಗೆಲ್ಲೂ ಹೊತ್ತಿನ್ಯಾಗ?" ಗೂಳಪ್ಪ ಬೊಬ್ಬೆ ಹೊಡೆದ.

"ಸೋಲ್ತೀವಂತ ಹೆದರ್ಯಾರ!" ಎಂದು ಸಾಸವಡದವರು ಮರಾಠಿಯಲ್ಲಿ ಕೇಕೆ ಹಾಕಿದರು.

ಹೊಳಬಸಪ್ಪ ಎದ್ದು ನಿಂತ. ಮೈಗೆಲ್ಲ ಬೆಲ್ಲ ಮೆತ್ತಿತ್ತು. ಈಗ ಒಂದು ಸುಳ್ಳು ಹೇಳಿದರೆ ಮಾನ ಉಳಿಯುತ್ತಿತ್ತು, ಮತ್ತು ಅಂಥ ಹನ್ನೆರಡು ಸುಳ್ಳುಗಳು ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಯಾವ ಸುಳ್ಳಿಗೂ ಗೂಳಪ್ಪ ಕಾಲು ಎತ್ತಿ ಕೂಡುತ್ತಿರಲಿಲ್ಲ.

"ಹೆಂಡತಿ ನನಗ ತಪಾಸಣಿ ಮಾಡಸ್ಕೊ ಅಂದ್ಲು. ನಾ ಹೆದರಿ ಗೂಳಪ್ಪನ ಬಾಟ್ಲಿ ಒಯ್ದು ನಂದಂತ ಕೊಟ್ಟೆ. ಇಟ್ಟಂಗಿ ಬಣ್ಣ ಬಂತು. ಇವನಿಗೆ ಸಕ್ಕರಿ ಬ್ಯಾನಿ ಐತಿ. ಓಡಿದ್ರ ಕಾಲ ಹೋಗತೈತಿ."

ಆಮೇಲೆ ಎಲ್ಲೋ ಹಿಂದಿನಿಂದ ಒಂದು ದನಿ: "ಅಂದ್ರ ನಿಂಬೀ ಗಿಡ ಎಲ್ಲೈತ್ರೀ ಸಾವ್ಕಾರ್ರ?" ಆ ಗಿಡದ ಮಾತನ್ನು ಗೂಳಪ್ಪ ಪಂದ್ಯಕ್ಕೆ ಮೊದಲೇ ಎಲ್ಲರ ಮುಂದೆ ಜಂಬ ಕೊಚ್ಚಿದ್ದ. ನಗುವಿಗೆ ತಗಡಿನ ಮಾಡು ಅದುರಿತು.

ಗೂಳಪ್ಪ ಮಾತ್ರ ನಗಲಿಲ್ಲ. "ಬ್ಯಾನಿ ಬಂದಂವ ಕೊಡ ನೀರ ಕುಡೀತಾನೇನ್ರೀ? ನಾ ಗಟ್ಟಿ ಅದೇನಿ."

"ಬ್ಯಾನಿ ಬಂದಂವನ ಕುಡೀತಾನ," ಎಂದಿತು ಒಂದು ದನಿ. ಟಾಂಗಾದಿಂದ ಡಾಕ್ಟರು ಇಳಿಯುತ್ತಿದ್ದರು, ಕೈಯಲ್ಲಿ ಚೀಲ. ಹಿಂದೆ ಚನ್ನಬಸವ್ವ, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಪೇಟಾ. "ನಂಬಿಕಿ ಇಲ್ಲಂದ್ರ ಎಲ್ಲಾರ ಮುಂದ ನೋಡೂಣು. ಹೋಗಿ ಇನ್ನೊಂದು ಬಾಟ್ಲಿಯೊಳಗ ಹಿಡಕೊಂಡು ಬಾ."

ಬೆಲ್ಲದ ಪೆಂಟೆಯ ಮೇಲೆ ಸ್ಪಿರಿಟ್ ದೀಪ ಹೊತ್ತಿತು. ಐನೂರು ಜನ ಏದುಸಿರು ಬಿಡುತ್ತ ಬಗ್ಗಿದರು. ಆ ಉಸಿರಿಗೆ ದೀಪ ಎರಡು ಸಲ ಆರಿತು. ನೀಲಿ. "ನೀಲಿನ ಐತಿ, ನೀಲಿನ!" ಹಸಿರು. "ಹಿರವಾ! ಹಿರವಾ!" ಸಾಸವಡದವರ ಮರಾಠಿ ಕೂಗು. ಹಳದಿ. ಸಾಸವಡದ ಗಾಡಿಯವನು ಗೂಳಪ್ಪನ ಭುಜ ಹಿಡಿದುಕೊಂಡಿದ್ದ. ಕಿತ್ತಳೆ. ಆಮೇಲೆ ಯಾರೂ ಬಣ್ಣದ ಹೆಸರು ಹೇಳಲಿಲ್ಲ.

ಗೂಳಪ್ಪ ಕಾಲನ್ನು ನೆಲದಿಂದ ಮೆಲ್ಲಗೆ ಎತ್ತಿ ಪೆಂಟೆಯ ಮೇಲಿಟ್ಟ.

"ಹಮಾಲಿ ಬಿಟ್ರ ನಾ ಏನ ಮಾಡ್ಲ್ರೀ?"

"ತಕ್ಕಡಿ ಮುಂದ ಕುಂದರು," ಎಂದ ಹೊಳಬಸಪ್ಪ. "ಕಲ್ಲ ಎತ್ತಿ ಇಡೂದು, ಅಷ್ಟ. ಸೂಜೀದು ನಾ ನೋಡ್ಕೋತೀನಿ. ಚಪ್ಪಾಳಿ ಹೊಡದಂವ ನಾನ ಅಲ್ಲೇನು?"

"ಅದೆಲ್ಲ ಆತು," ಎಂದಳು ಚನ್ನಬಸವ್ವ ಚಪ್ಪಲಿ ಕೆಳಗಿಟ್ಟು. "ಈಗ ನಿಮ್ಮದು."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ, ಗೋದಾಮಿನ ಹಿಂದಕ್ಕೆ ನಾಲ್ವರು ಹಮಾಲರು ಕಾವಲು ಹೋದರು. ನೀಲಿ ನೀರು ಕುದಿಯಿತು. ಹೊಳಬಸಪ್ಪ ಕಣ್ಣು ಮುಚ್ಚಿದ. ಇಪ್ಪತ್ತೆರಡು ವರ್ಷದ ಬೆಲ್ಲವೆಲ್ಲ ಬಾಯಿಗೆ ಬಂದು ಕಹಿಯಾಯಿತು. ಒಂದು ಕಣ್ಣು ತೆರೆದ.

ನೀಲಿ. ನವಿಲಿನ ಕೊರಳು ಹಾಗೇ ಇತ್ತು.

"ಇವತ್ತ ಇಲ್ಲ," ಎಂದರು ಡಾಕ್ಟರು. "ವರ್ಷಕ್ಕೊಮ್ಮೆ ಬಂದು ನೋಡಿಸ್ರಿ."

ಬಜಾರು ಕುಣಿಯಿತು. ಚನ್ನಬಸವ್ವನ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡ ಮರುಕ್ಷಣ ಅವಳ ಹುಬ್ಬು ಏರಿತು.

"ಹಂಗಾರ ಬಚ್ಚಲಕ ಇರುವಿ ಯಾಕ ಬಂದ್ವು?"

ಕಾರ್ತಿಕದಿಂದ ಅವಳು ಗಂಡನಿಗೆ ಸೋಮವಾರದ ಉಪವಾಸ ಹಿಡಿಸಿದ್ದಳು. ಅಂದಿನಿಂದ ಅವನ ಸೋಮವಾರದ ಸ್ನಾನಕ್ಕೆ ಒಂದು ತಾಸು ಬೇಕಾಗುತ್ತಿತ್ತು. ಬಚ್ಚಲಿನ ಮಾಡದಲ್ಲಿ, ಸೀಗೆಪುಡಿಯ ಡಬ್ಬಿಯ ಹಿಂದೆ, ಅಂಗೈಯಷ್ಟು ಬೆಲ್ಲ ಎಣ್ಣೆಕಾಗದದಲ್ಲಿ ಕುಳಿತಿತ್ತು. ಹೊಳಬಸಪ್ಪ ಡಾಕ್ಟರ ಮುಖ ನೋಡಿದ. ಡಾಕ್ಟರು ದೀಪ ಆರಿಸುವುದರಲ್ಲಿ ಮಗ್ನರಾದರು.

ಮುಂದಿನ ಯುಗಾದಿಯ ಹೊತ್ತಿಗೆ ಗೋದಾಮಿನ ಹಿಂದಿನ ಗೋಡೆಯ ಬುಡದಿಂದ ಇರುವೆಗಳು ಕಾಲುಕಿತ್ತವು. ಗೂಳಪ್ಪನ ಗಾಯ ಮಾಯ್ದಿತ್ತು. ಕಾಲಿಗೆ ಮೆತ್ತನೆಯ ಚಪ್ಪಲಿ, ಸೊಂಟದಲ್ಲಿ ಜಾರದ ಧೋತರ. ಒಂದು ಮಧ್ಯಾಹ್ನ ತಕ್ಕಡಿಯ ಮುಂದೆ ಕುಳಿತಿದ್ದವನು ತಂಬಿಗೆ ಎತ್ತಿದ. ಬಜಾರು ಅಭ್ಯಾಸ ಬಲದಿಂದ ಕೆಲಸ ನಿಲ್ಲಿಸಿ ನೋಡಿತು. ನಾಲ್ಕು ಗುಟುಕು ಕುಡಿದು, ಅರ್ಧ ನೀರು ಉಳಿಸಿ, ಕೆಳಗಿಟ್ಟ.

"ಸಾಕಾತ್ರಿ," ಎಂದ.

ಅವತ್ತು ಹೊಡೆದ ಚಪ್ಪಾಳೆ ಸಾಸವಡದ ತನಕ ಕೇಳಿಸಿತು. ಬೇಕಾದರೆ ಆ ಗಾಡಿಯವನನ್ನೇ ಕೇಳಬಹುದು.