ಹೆಡ್ಲಿಯ ಮೂರೂವರೆ ನಾಣ್ಯ

ಹೆಡ್ಲಿ ಥರ್ಟಲ್ ಹತ್ತೊಂಬತ್ತು ವರ್ಷದಿಂದ ಹುಡುಕುತ್ತಿದ್ದದ್ದು ಒಂದೇ ವಸ್ತು, ಸುತ್ತಿಗೆ ನಾಣ್ಯ. ಟಂಕಸಾಲೆಗೆ ಯಂತ್ರ ಬರುವುದಕ್ಕೆ ಮೊದಲು ಬೆಳ್ಳಿ ಬಿಲ್ಲೆಯನ್ನು ಅಚ್ಚಿನ ಮೇಲಿಟ್ಟು ಸುತ್ತಿಗೆಯಲ್ಲಿ ಒಂದೇಟು ಕೊಡುತ್ತಿದ್ದರಲ್ಲ, ಆ ಕಾಲದ್ದು. ನಮ್ಮ ನಾರ್ಫಕ್ ಸೀಮೆಯ ಹೊಲಗಳಲ್ಲಿ ಅದೇನು ಭಾರೀ ಅಪರೂಪವೂ ಅಲ್ಲ. ನೆಲದೊಳಗಿನ ಲೋಹ ಹುಡುಕುವ ನಮ್ಮ ಡಿಟೆಕ್ಟರ್ ಸಂಘದಲ್ಲಿ ಹದಿನೇಳು ಜನ ಇದ್ದೇವೆ. ಹದಿನಾರು ಜನಕ್ಕೆ ಸಿಕ್ಕಿದೆ. ನನಗಂತೂ ಮೂರನೆಯ ಭಾನುವಾರವೇ ಸಿಕ್ಕಿಬಿಟ್ಟಿತು. ಗಂಡ ಹೋದ ಮೇಲೆ ಭಾನುವಾರ ಕಳೆಯುವುದು ಹೇಗೆಂದು ತಿಳಿಯದೆ ಸೇರಿಕೊಂಡವಳು ನಾನು. ಆವತ್ತು ಹೆಡ್‌ಫೋನ್ ಕೂಡ ಹಿಂದುಮುಂದಾಗಿ ಹಾಕಿಕೊಂಡಿದ್ದೆ. ಹೆಡ್ಲಿ ನನ್ನ ಅಂಗೈ ಮೇಲಿನ ನಾಣ್ಯವನ್ನು ಬಹಳ ಹೊತ್ತು ನೋಡಿ, ಚೆನ್ನಾಗಿದೆ ಬೆರಿಲ್ ಎಂದು ಹೇಳಿ, ಪಕ್ಕದ ಹೊಲಕ್ಕೆ ಹೋಗಿ ಒಬ್ಬನೇ ನಿಂತಿದ್ದ.

ಅವನಿಗೆ ಏನೂ ಸಿಗುತ್ತಿರಲಿಲ್ಲ ಅಂತಲ್ಲ. ಟ್ರ್ಯಾಕ್ಟರಿನ ಬೋಲ್ಟು, ಬಿಯರ್ ಡಬ್ಬಿಯ ಕಿವಿ, ಸಿಪಾಯಿ ಕೋಟಿನ ಗುಂಡಿ, ಒಂದು ಸಲ ಯಾರದೋ ಹಲ್ಲಿನ ಸೆಟ್ಟಿನ ತಂತಿ. ಸ್ಕೂಲ್ ಬಸ್ ಓಡಿಸಿ ನಿವೃತ್ತನಾದವನು, ತಾಳ್ಮೆ ಇದ್ದವನು. ಸಿಕ್ಕಿದ್ದನ್ನೆಲ್ಲ ತೊಳೆದು, ಬಿಸ್ಕತ್ತಿನ ಡಬ್ಬಗಳಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸುತ್ತಿದ್ದ. ನಮ್ಮಲ್ಲಿ ಮೊದಲ ಸುತ್ತಿಗೆ ನಾಣ್ಯ ಸಿಕ್ಕವರು ಮುಂದಿನ ಭಾನುವಾರ ಎಲ್ಲರಿಗೂ ಕೇಕ್ ತರಬೇಕು ಎಂಬುದು ಪದ್ಧತಿ. ಹತ್ತೊಂಬತ್ತು ವರ್ಷದಲ್ಲಿ ಹೆಡ್ಲಿ ಕಂಡವರ ಕೇಕನ್ನೆಲ್ಲ ತಿಂದಿದ್ದ, ಒಂದು ತುಂಡನ್ನೂ ತಿನ್ನಿಸಿರಲಿಲ್ಲ. ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು ಅಂತ ಅವನ ಹೆಂಡತಿ ಮಾರೀನ್ ನನ್ನ ಹತ್ತಿರ ಹೇಳಿದ್ದಳು.

ಅವನಿಗೆ ಒಂದು ಅಭ್ಯಾಸವಿತ್ತು. ಕ್ಲಿಫರ್ಡ್ ಗೂಚ್‌ನ ದೊಡ್ಡ ಬಾರ್ಲಿ ಹೊಲದಲ್ಲಿ ಚರ್ಚಿನ ಕಾಲುದಾರಿ ಹಾದುಹೋಗುವ ಕಡೆ, ಬೇಲಿ ದಾಟಲು ಒಂದು ಮರದ ತಡಮೆ ಇದೆ. ಹೆಡ್ಲಿ ಯಾವಾಗಲೂ ಅಲ್ಲಿಂದಲೇ ಶುರು ಮಾಡುವುದು. ಜನ ತಡಮೆ ಹತ್ತುವಾಗ ಕಾಲೆತ್ತುತ್ತಾರೆ, ಕಾಲೆತ್ತಿದಾಗ ಜೇಬು ಬಾಗುತ್ತದೆ, ಜೇಬು ಬಾಗಿದರೆ ನಾಣ್ಯ ಬೀಳುತ್ತದೆ. ಎಂಟುನೂರು ವರ್ಷದಿಂದ ಜನ ಇಲ್ಲೇ ಕಾಲೆತ್ತುತ್ತಿದ್ದಾರೆ ಎಂಬುದು ಅವನ ವಾದ. ಆ ಕಾಲದಲ್ಲಿ ಜೇಬೇ ಇರಲಿಲ್ಲ, ಸೊಂಟಕ್ಕೆ ಚೀಲ ಕಟ್ಟುತ್ತಿದ್ದರು ಎಂದು ಯಾರೋ ಹೇಳಿದ್ದಕ್ಕೆ, ಚೀಲ ಬಾಗಲ್ವಾ ಹಾಗಾದರೆ ಎಂದು ಕೇಳಿದ್ದ.

ಈ ಸಲದ ಕಟಾವು ಮುಗಿದ ವಾರ ಅವನು ಊರಿನ ಅಂಗಡಿ ಕಿಟಕಿಯಲ್ಲಿ ಒಂದು ಕಾರ್ಡ್ ಅಂಟಿಸಿದ. ಡಿಟೆಕ್ಟರ್ ಮಾರಾಟಕ್ಕಿದೆ, ಬಿತ್ತನೆ ಆದ ಮೇಲೆ ವಿಚಾರಿಸಿ. ನಮಗೆ ಹೊಲಕ್ಕಿಳಿಯಲು ಅವಕಾಶ ಇರುವುದೇ ಕಟಾವಿನಿಂದ ಬಿತ್ತನೆಯವರೆಗಿನ ಕೂಳೆಯ ನೆಲದಲ್ಲಿ, ಐದಾರು ವಾರ. ಅಷ್ಟರಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಈ ಜನ್ಮಕ್ಕೆ ಸಾಕು ಎಂದು ಅವನು ಚಹಾ ಕುಡಿಯುತ್ತಾ ಎಲ್ಲರೆದುರು ಹೇಳಿದ. ಸಿಟ್ಟಿನಿಂದ ಹೇಳಿದ್ದರೆ ನಾವು ನಗುತ್ತಿದ್ದೆವು. ಬಸ್ಸಿನ ವೇಳೆ ಬದಲಾಗಿದೆ ಎನ್ನುವ ಹಾಗೆ ಹೇಳಿದ. ಅದಕ್ಕೇ ಭಯವಾಯಿತು.

ನಾನು ಸಂಘದ ಕಾರ್ಯದರ್ಶಿ. ಚಹಾ ಫ್ಲಾಸ್ಕ್ ಹೊರುವವಳೂ ನಾನೇ. ಸದಸ್ಯರ ನೆಮ್ಮದಿ ನನ್ನ ಕೆಲಸ ಅಂತ ನನಗೆ ನಾನೇ ಹೇಳಿಕೊಂಡು ನಾರ್ವಿಚ್‌ಗೆ ಹೋಗಿ, ಹಳೇ ನಾಣ್ಯದ ಅಂಗಡಿಯಲ್ಲಿ ಮೊದಲನೇ ಎಲಿಜಬೆತ್ ರಾಣಿಯ ಒಂದು ಆರು ಪೆನ್ನಿ ನಾಣ್ಯ ತಂದೆ. ಮುಖ ಸವೆದಿತ್ತು, ಮೂಗು ಮಾತ್ರ ಗಟ್ಟಿಯಾಗಿತ್ತು. ಶುಕ್ರವಾರ ಬೆಳಿಗ್ಗೆ ನಾಯಿ ತಿರುಗಾಡಿಸುವ ನೆಪದಲ್ಲಿ ಹೋಗಿ, ತಡಮೆಯಿಂದ ಎರಡು ಹೆಜ್ಜೆ ಆಚೆ, ನಾಲ್ಕು ಬೆರಳು ಆಳದಲ್ಲಿ ಹೂತು, ಮೇಲೆ ಕೂಳೆ ಎಳೆದು ಬಂದೆ. ಅಲ್ಲಿ ಮಣ್ಣು ಆಗಲೇ ಸ್ವಲ್ಪ ಸಡಿಲವಾಗಿತ್ತು. ಮೊಲ ಕೆರೆದಿರಬೇಕು ಅಂದುಕೊಂಡೆ. ಹನ್ನೊಂದು ವರ್ಷದಿಂದ ಮಣ್ಣು ಅಗೆಯುತ್ತಿರುವವಳು ಅಂದುಕೊಳ್ಳಬೇಕಾದ ಮಾತಲ್ಲ ಅದು.

ಭಾನುವಾರ ಹೆಡ್ಲಿ ಎಂದಿನಂತೆ ತಡಮೆ ಇಳಿದು, ಹೆಡ್‌ಫೋನ್ ಏರಿಸಿ, ಡಿಟೆಕ್ಟರಿನ ತಟ್ಟೆಯನ್ನು ನೆಲದ ಮೇಲೆ ಆಡಿಸಿದ. ಎರಡನೇ ಬೀಸಿಗೇ ನಿಂತ. ಮೊಣಕಾಲೂರಿ ಅಗೆದ. ನಾನು ಇಪ್ಪತ್ತು ಮಾರು ದೂರದಲ್ಲಿ ಬಗ್ಗಿ ಬೂಟಿನ ಲೇಸ್ ಕಟ್ಟುತ್ತಿದ್ದೆ. ಆ ಬೂಟಿಗೆ ಲೇಸ್ ಇರಲಿಲ್ಲ ಎಂಬುದು ಬೇರೆ ಮಾತು.

ಅವನು ಕೂಗಲಿಲ್ಲ. ಕೂಳೆಯ ಮೇಲೆ ಹಾಗೇ ಕುಂಡಿಯೂರಿ ಕುಳಿತು, ಟೋಪಿ ತೆಗೆದು, ಅಂಗೈ ನೋಡುತ್ತಾ ಕುಳಿತ. ನಾನು ಹತ್ತಿರ ಹೋದಾಗ ಕಣ್ಣೆತ್ತಿ, "ರಾಣಿ ಕಣೇ ಬೆರಿಲ್. ನೋಡು, ಮೂಗು ನೋಡು," ಎಂದ. ಖರ್ಚು ಮಾಡಿದ ಒಂದೊಂದು ಪೆನ್ನಿಗೂ ಬೆಲೆ ಬಂತು ಎಂದು ನಾನು ಒಳಗೇ ಬೀಗಿದೆ.

ಅಷ್ಟಕ್ಕೇ ಮುಗಿದಿದ್ದರೆ ಇದು ಕಥೆಯೇ ಆಗುತ್ತಿರಲಿಲ್ಲ. ಗುಂಡಿಯಲ್ಲಿ ಇನ್ನೇನಾದರೂ ಉಳಿದಿದೆಯೇ ಎಂದು ಮತ್ತೊಮ್ಮೆ ತಟ್ಟೆ ಆಡಿಸುವುದು ನಮ್ಮಲ್ಲಿ ರೂಢಿ. ಆಡಿಸಿದ. ಮತ್ತೆ ಕೂಗಿತು. ಒಂದು ಗೇಣು ಪಕ್ಕದಲ್ಲಿ ಎಡ್ವರ್ಡ್ ದೊರೆಯ ಪೆನ್ನಿ. ನಾನು ಬಾಯಿ ತೆರೆದವಳು ಮುಚ್ಚಲಿಲ್ಲ. ಅದರಾಚೆ ಚಾರ್ಲ್ಸ್ ದೊರೆಯ ಶಿಲ್ಲಿಂಗ್. ಅಷ್ಟು ಹೊತ್ತಿಗೆ ಸಂಘವೆಲ್ಲ ಸುತ್ತ ನೆರೆದಿತ್ತು. ಕೊನೆಗೆ, ಸಡಿಲ ಮಣ್ಣಿನಿಂದ, ಒಂದು ಅರ್ಧ ನಾಣ್ಯ. ಹಳೇ ಕಾಲದಲ್ಲಿ ಚಿಲ್ಲರೆ ಬೇಕಾದರೆ ಪೆನ್ನಿಯನ್ನೇ ಕತ್ತರಿಯಲ್ಲಿ ಎರಡು ಮಾಡುತ್ತಿದ್ದರು. ಅಂಥ ಒಂದು ಹೋಳು. ಅದೂ ಮುರುಟಿಕೊಂಡು, ಕಪ್ಪಾಗಿ, ಕಚ್ಚಿ ಉಗುಳಿದ ಉಗುರಿನ ಹಾಗಿತ್ತು.

ಯಾರೋ ಹಿಂದಿನಿಂದ ಮೆಲ್ಲಗೆ, ನಿಧಿ, ಎಂದರು. ನಮ್ಮ ದೇಶದ ಕಾನೂನಿನಲ್ಲಿ ಆ ಶಬ್ದಕ್ಕೆ ತೂಕವಿದೆ. ಹಳೆಯ ನಾಣ್ಯ ಒಂದು ಸಿಕ್ಕರೆ ಅದು ಬರೀ ನಾಣ್ಯ. ಮುನ್ನೂರು ವರ್ಷ ದಾಟಿದ ಬೆಳ್ಳಿ ನಾಣ್ಯ ಎರಡು ಒಟ್ಟಿಗೆ ಸಿಕ್ಕರೆ ನಿಧಿ. ಅಗೆತ ನಿಲ್ಲಿಸಬೇಕು, ಮ್ಯೂಸಿಯಂನವರಿಗೆ ತಿಳಿಸಬೇಕು, ಅವರು ಸರ್ಕಾರದ ವಿಚಾರಣಾಧಿಕಾರಿಗೆ ಒಪ್ಪಿಸಬೇಕು. ಹೆಡ್ಲಿ ಎದ್ದು ನಿಂತು, ಇನ್ನು ಯಾರೂ ಒಂದು ಹೆಜ್ಜೆ ಮುಂದಿಡಬಾರದು ಎಂದ. ಬಸ್ಸಿನಲ್ಲಿ ನಲವತ್ತು ಮಕ್ಕಳನ್ನು ಕೂರಿಸಿದ ದನಿ ಅದು. ನಾವು ಅಲ್ಲಲ್ಲೇ ನಿಂತೆವು.

ಆಗ ಮಾರೀನ್ ತಡಮೆ ಹತ್ತಿ ಬಂದಳು. ಕೈಯಲ್ಲಿ ದೊಡ್ಡ ಡಬ್ಬ. ಹೆಡ್ಲಿಗೆ ಸಿಕ್ಕಿತಂತೆ, ಫೋನ್ ಬಂತು ಎಂದಳು. ಮುಚ್ಚಳ ತೆಗೆದರೆ ಮೂರು ಅಂತಸ್ತಿನ ಹಣ್ಣಿನ ಕೇಕ್, ಮೇಲೆ ಸಕ್ಕರೆಯಲ್ಲಿ ಬರೆದ ದೊರೆಯ ತಲೆ, ಸುತ್ತ ಹೆಡ್ಲಿಯ ಹೆಸರು. ಫೋನ್ ಬಂದು ಇಪ್ಪತ್ತೈದು ನಿಮಿಷವಾಗಿತ್ತು. ಆ ಕೇಕ್ ಬೇಯಲು ನಾಲ್ಕು ಗಂಟೆ ಬೇಕು, ಸಕ್ಕರೆ ಗಟ್ಟಿಯಾಗಲು ಒಂದು ಇಡೀ ದಿನ. ನಾನು ಮಾರೀನ್ ಮುಖ ನೋಡಿದೆ. ಅವಳು ನನ್ನ ಲೇಸಿಲ್ಲದ ಬೂಟು ನೋಡಿದಳು. ಆಮೇಲೆ ಇಬ್ಬರೂ ಹೊಲದ ಯಜಮಾನ ಕ್ಲಿಫರ್ಡ್ ಕಡೆ ತಿರುಗಿದೆವು. ನಾವು ಹುಡುಕುವ ಭಾನುವಾರ ಹೊಲಕ್ಕೆ ಎಂದೂ ಬಾರದ ಆ ಮನುಷ್ಯ ಅವತ್ತು ಬಂದು, ಬೇಲಿಯ ಹೂವನ್ನು ಬಹಳ ಗಮನವಿಟ್ಟು ನೋಡುತ್ತಿದ್ದ.

ಎರಡು ದಿನ ನಾನು ನಿದ್ದೆ ಮಾಡಲಿಲ್ಲ. ಹೇಳಿದರೆ ಹೆಡ್ಲಿಯ ಹತ್ತೊಂಬತ್ತು ವರ್ಷವನ್ನು ನನ್ನ ಕೈಯಾರೆ ಮತ್ತೆ ಹೂತ ಹಾಗೆ. ಹೇಳದಿದ್ದರೆ ಅವನು ಸರ್ಕಾರದ ಕಾಗದಕ್ಕೆ ಸುಳ್ಳು ರುಜು ಹಾಕುತ್ತಾನೆ, ಅದೂ ಸುಳ್ಳೆಂದು ತಿಳಿಯದೆ. ಅವನೋ ಅಂಗಡಿಯ ಕಾರ್ಡ್ ಕಿತ್ತುಹಾಕಿ, ಕೂದಲು ಕತ್ತರಿಸಿಕೊಂಡು, ಮಂಗಳವಾರ ಮ್ಯೂಸಿಯಂನವರು ಬರುವುದಕ್ಕೆಂದು ಟೈ ಕಟ್ಟಿಕೊಂಡು ಹೊಲದಲ್ಲಿ ನಿಂತಿದ್ದ.

ಬಂದವಳು ಇಮೊಜೆನ್ ಎಂಬ ಚಿಕ್ಕ ಪ್ರಾಯದ ಅಧಿಕಾರಿ. ಮೃದು ಮಾತಿನವಳು, ಕಣ್ಣು ಮಾತ್ರ ಚಾಕು. ಹೆಡ್ಲಿ, ಮಾರೀನ್, ಕ್ಲಿಫರ್ಡ್, ನಾನು ಸುತ್ತ ನಿಂತೆವು. ಅವಳು ನಾಣ್ಯಗಳನ್ನು ಒಂದು ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಭೂತಗನ್ನಡಿಯಲ್ಲಿ ನೋಡಿದಳು. ಆಮೇಲೆ ಗುಂಡಿ ನೋಡಿದಳು. ಮತ್ತೆ ನಾಣ್ಯ ನೋಡಿದಳು.

"ಥರ್ಟಲ್ ಅವರೇ, ಒಂದು ಸಣ್ಣ ತೊಡಕಿದೆ," ಎಂದಳು. "ಈ ಹಳೇದಕ್ಕೂ ಈ ಹೊಸದಕ್ಕೂ ಹತ್ತಿರ ಹತ್ತಿರ ನಾನೂರು ವರ್ಷ ಅಂತರ ಇದೆ. ಇದನ್ನ ಒಬ್ಬನೇ ಹೂತಿದ್ದ ಅಂದ್ರೆ, ಅವನು ಬಹಳ ದೀರ್ಘಾಯುಷಿ."

ಹೆಡ್ಲಿ ನಕ್ಕ. ಒಂದು ಮನೆತನದವರು ತಲೆತಲಾಂತರ ಕೂಡಿಟ್ಟಿರಬಹುದಲ್ಲವೇ ಎಂದ. ಇರಬಹುದು ಎಂದು ಅವಳು ಕಾಗದ ತೆಗೆದು, ಇಲ್ಲಿ ರುಜು ಹಾಕಿ ಎಂದಳು. ಹೆಡ್ಲಿ ಪೆನ್ನಿನ ಮುಚ್ಚಳ ತೆಗೆದ.

"ಹಾಕಬೇಡ ಹೆಡ್ಲಿ," ಎಂದೆ. "ರಾಣಿ ನನ್ನವಳು."

ಅವನಿಗೆ ಅರ್ಥವಾಗಲಿಲ್ಲ. ನಾರ್ವಿಚ್, ಅಂಗಡಿ, ನಾಯಿ, ಶುಕ್ರವಾರ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ಪೆನ್ನಿನ ಮುಚ್ಚಳ ಹಾಕಿದ. ಆಗ ಮಾರೀನ್ ನೆಲ ನೋಡುತ್ತಾ ಎಂದಳು, "ಎಡ್ವರ್ಡ್ ನನ್ನೋನು."

"ಯಾವ ಎಡ್ವರ್ಡ್?" ಎಂದ ಹೆಡ್ಲಿ, ಒಂದು ಕ್ಷಣ ಬೇರೆಯೇ ಗಾಬರಿಯಲ್ಲಿ.

"ಪೆನ್ನಿ ಮೇಲಿರೋನು ಕಣ್ರೀ. ಗುರುವಾರ ಬಂದು ಇಟ್ಟೆ. ನೀವು ಆ ಮಷೀನು ಮಾರಿ ಇಡೀ ಭಾನುವಾರ ಮನೇಲಿ ಕೂತ್ರೆ ನನ್ನ ಗತಿ ಏನು ಅಂತ ಯೋಚನೆ ಮಾಡಿದ್ರಾ?"

ಕ್ಲಿಫರ್ಡ್ ಗಂಟಲು ಸರಿಮಾಡಿಕೊಂಡ. ಚಾರ್ಲ್ಸ್ ತನ್ನ ತಾತನದು, ಮೇಜಿನ ಡ್ರಾಯರಿನಲ್ಲಿ ಅರವತ್ತು ವರ್ಷದಿಂದ ಬಿದ್ದಿತ್ತು ಎಂದ. ಬುಧವಾರವೇ ಹೂತಿದ್ದನಂತೆ. ಎಷ್ಟು ಆಳಕ್ಕೆ ಹೂಳಬೇಕು ಎಂಬುದು ತಿಳಿಯದೆ ಬೇಲಿ ಕಂಬಕ್ಕೆ ತೋಡುವ ಹಾಗೆ ಮೊಣಕಾಲುದ್ದ ತೋಡಿ, ಆಮೇಲೆ ಜಾಸ್ತಿಯಾಯಿತೇನೋ ಎನ್ನಿಸಿ ಮುಕ್ಕಾಲು ಮುಚ್ಚಿ, ನಾಣ್ಯ ಇಟ್ಟು, ಉಳಿದದ್ದನ್ನೂ ಮುಚ್ಚಿ ಬಂದಿದ್ದನಂತೆ. ಮೊಲ ಕೆರೆದದ್ದು ಅದೇ.

ಹೆಡ್ಲಿ ಟೈ ಸಡಿಲಿಸಿದ. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಅವನು ತಡಮೆಯ ಮೇಲೆ ಕುಳಿತು, ನೀವೆಲ್ಲ ಒಳ್ಳೆಯವರು, ನನಗೆ ಗೊತ್ತು ಎಂದ. ಅಷ್ಟು ಕೆಟ್ಟದಾಗಿ ನನ್ನನ್ನು ಯಾರೂ ಯಾವತ್ತೂ ಹೊಗಳಿಲ್ಲ.

ಇಮೊಜೆನ್ ಮೂರು ನಾಣ್ಯಗಳನ್ನು ಬಟ್ಟೆಯ ಒಂದು ಬದಿಗೆ ಸರಿಸಿದಳು. ನಡುವೆ ಆ ಮುರುಟಿದ ಅರ್ಧ ಹೋಳು ಒಂದೇ ಉಳಿಯಿತು. ಇದು ಯಾರದು ಎಂದು ಕೇಳಿದಳು.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೆಡ್ಲಿ ದಣಿದ ದನಿಯಲ್ಲಿ, ಮುಜುಗರ ಬೇಡ, ಹೇಳಿಬಿಡಿ ಎಂದ. ನಾನು ನನ್ನದಲ್ಲ ಎಂದೆ. ಕ್ಲಿಫರ್ಡ್ ತನ್ನ ಹೊಸ ಟ್ರ್ಯಾಕ್ಟರಿನ ಮೇಲೆ ಆಣೆ ಇಟ್ಟ. ಹೆಡ್ಲಿ ನಂಬಲಿಲ್ಲ. ಮೂರು ಸಲ ಮೋಸ ಹೋದವನು ಯಾಕೆ ನಂಬುತ್ತಾನೆ? ಕೊನೆಗೆ ಹೆಂಡತಿಯ ಕಡೆ ತಿರುಗಿ, ಇದನ್ನೂ ನೀನೇ ಇಟ್ಟೆಯಾ ಎಂದ.

ಮಾರೀನ್ ಮುಖ ಕೆಂಪಾಯಿತು. ಅಲ್ಲಿಯವರೆಗೆ ತಲೆ ತಗ್ಗಿಸಿದ್ದವಳು ಸೊಂಟಕ್ಕೆ ಕೈಯಿಟ್ಟಳು.

"ಅದನ್ನ? ನಾನು? ಮೂವತ್ತೆಂಟು ವರ್ಷ ಸಂಸಾರ ಮಾಡಿದೀನಿ, ಒಂದು ದಿನ ನಿಮ್ಮ ಮುಂದೆ ಅರ್ಧಂಬರ್ಧ ಏನಾದ್ರೂ ತಂದಿಟ್ಟಿದೀನಾ? ಆ ದರಿದ್ರದ್ದನ್ನ ದುಡ್ಡು ಕೊಟ್ಟು ಯಾರ್ರೀ ತರ್ತಾರೆ? ಉಡುಗೊರೆ ಕೊಡೋರು ಕಣ್ಣಿಗೆ ಕಾಣೋ ಅಂಥದ್ದು ಕೊಡ್ತಾರೆ. ಅಂಥದ್ದು ನಿಮಗೊಬ್ಬರಿಗೇ ಸಿಗೋದು."

ಹೆಡ್ಲಿ ನಿಧಾನವಾಗಿ ತಲೆ ಎತ್ತಿದ.

ಇಮೊಜೆನ್ ತುಟಿ ಕಚ್ಚಿ ನಗು ತಡೆದುಕೊಂಡು, ಅಮ್ಮನವರು ಹೇಳುವುದು ಸರಿ ಎಂದಳು. ಗುಂಡಿಯ ಅಂಚನ್ನು ಕೆರೆದು ತೋರಿಸಿದಳು: ಮೇಲ್ಮಣ್ಣು ಕಂದು, ಅದರೊಳಗೆ ಅಲ್ಲಲ್ಲಿ ಹಳದಿ ಜೇಡಿಯ ಉಂಡೆ. ಜೇಡಿ ಇರುವುದು ಮೊಣಕಾಲಾಳದ ಪದರದಲ್ಲಿ, ಈ ಹೋಳು ಬಿದ್ದಿದ್ದದ್ದೂ ಅಲ್ಲೇ. ಹೆಡ್ಲಿಯ ಡಿಟೆಕ್ಟರಿಗೆ ಅಷ್ಟು ಆಳ ಕೇಳಿಸುವುದಿಲ್ಲ, ಅದಕ್ಕೇ ಹತ್ತೊಂಬತ್ತು ವರ್ಷ ಅದರ ಮೇಲೇ ನಡೆದಾಡಿದ್ದಾನೆ. ಮೊನ್ನೆ ಮೊಣಕಾಲುದ್ದ ತೋಡಿದ ಮಹಾನುಭಾವರು ಅದನ್ನು ಮಣ್ಣಿನ ಜೊತೆ ಮೇಲಕ್ಕೆ ತಂದು ಹಾಕಿದ್ದಾರೆ. ಹೋಳಿನ ಅಂಚಿನಲ್ಲಿ ಅದೇ ಜೇಡಿ ಇನ್ನೂ ಅಂಟಿತ್ತು. ಮೂರನೇ ಹೆನ್ರಿಯ ಕಾಲದ್ದು, ಏಳುನೂರೈವತ್ತು ವರ್ಷಕ್ಕೂ ಹಳೆಯದು, ಉಳಿದ ಮೂರಕ್ಕಿಂತ ಹಿರಿಯದು ಎಂದಳು. ಒಂದೇ ಒಂದು ಉಳಿದದ್ದರಿಂದ ಇದು ನಿಧಿಯಲ್ಲ. ವಿಚಾರಣೆ ಬೇಡ, ದಾಖಲೆ ಮಾಡಿಕೊಂಡರೆ ಸಾಕು.

ನಿಧಿಯಲ್ಲ ಎಂಬ ಮಾತಿಗೆ ಅಷ್ಟು ಖುಷಿಪಟ್ಟವನನ್ನು ನಾನು ನೋಡಿಲ್ಲ. ಸಿಕ್ಕಿದ್ದು ಯಾರಿಗೆ ಎಂಬ ಕಡೆ ಅವಳು ಹೆಸರು ಬರೆಯುವಾಗ ಅವನು ಭುಜದ ಮೇಲಿಂದ ಬಗ್ಗಿ, ಥರ್ಟಲ್‌ನ ಅಕ್ಷರ ಒಂದೊಂದಾಗಿ ಹೇಳಿದ. ಸಿಕ್ಕಿದ್ದರಲ್ಲಿ ಹೊಲದವನಿಗೆ ಅರ್ಧ ಪಾಲು ಎಂಬುದು ನಮ್ಮ ಕಡೆಯ ಕಟ್ಟಲೆ. ಅರ್ಧದಲ್ಲಿ ಅರ್ಧ ತಗೊಂಡು ನಾನೇನು ಹಲ್ಲು ಚುಚ್ಚಲಾ, ನೀನೇ ಇಟ್ಟುಕೋ ಎಂದ ಕ್ಲಿಫರ್ಡ್.

ನಮ್ಮ ಮೂವರಿಗೂ ಕ್ಷಮೆ ಸಿಕ್ಕಿದೆ, ಆದರೆ ಬಾಯಿಮಾತಿನಲ್ಲಿ ಮಾತ್ರ. ಸಂಘದ ನಿಯಮಗಳಿಗೆ ಹೊಸದೊಂದು ಸೇರಿಸಬೇಕು ಎಂದು ಅವನು ಪಟ್ಟು ಹಿಡಿದ. ಕಾರ್ಯದರ್ಶಿಯಾದ ನಾನೇ ಕೈಯಾರೆ ಬರೆಯಬೇಕಾಯಿತು: ಸದಸ್ಯರು ನೆಲದಿಂದ ತೆಗೆಯಬಹುದು, ನೆಲಕ್ಕೆ ಏನನ್ನೂ ಸೇರಿಸತಕ್ಕದ್ದಲ್ಲ. ಸದಸ್ಯರ ಹೆಂಡಂದಿರಿಗೂ ಹೊಲದ ಯಜಮಾನರಿಗೂ ಇದು ಅನ್ವಯಿಸುತ್ತದೆ.

ಬಿತ್ತನೆಯ ಹಿಂದಿನ ಭಾನುವಾರ ನೋಡಿದರೆ ಅವನು ಮತ್ತೆ ತಡಮೆಯ ಹತ್ತಿರವೇ ತಟ್ಟೆ ಆಡಿಸುತ್ತಿದ್ದ. ಹೋಳಿನ ಇನ್ನೊಂದು ಅರ್ಧ ಇಲ್ಲೇ ಎಲ್ಲೋ ಇರಬೇಕಂತೆ. ಅದನ್ನು ಯಾರೋ ಅವತ್ತೇ ನಾರ್ವಿಚ್ ಸಂತೆಯಲ್ಲಿ ಖರ್ಚು ಮಾಡಿರುತ್ತಾರೆ ಮಾರಾಯ ಎಂದು ಹೇಳೋಣವೆಂದು ನಾನು ಫ್ಲಾಸ್ಕ್ ಹಿಡಿದುಕೊಂಡು ಹತ್ತಿರ ಹೋದೆ. ಅವನು ಹೆಡ್‌ಫೋನಿನ ಒಂದು ಕಿವಿ ಎತ್ತಿದ.

"ಅಲ್ಲೇ ನಿಂತು ಹೇಳು ಬೆರಿಲ್," ಎಂದ. "ಎರಡೂ ಕೈ ನನಗೆ ಕಾಣೋ ಹಾಗೆ ಇಟ್ಕೊಂಡು."